ಬಟ್ಟೆಯೊಳಗೆ ಇಟ್ಟುಕೊಳ್ಳುವ ಪಿಸ್ತೂಲಿಗೆ ಹ್ಯಾಮರ್ ಇರಲಿ

ಲೈಸೆನ್ಸ್ ಕೈಗೆ ಬಂತು, ಈಗ ಯಾವ ಪಿಸ್ತೂಲು ಇಟ್ಟುಕೊಳ್ಳಲಿ ಅಂತ ಕೇಳುವವರಿಗೆ ಇವತ್ತು ಸಿಗುವ ಉತ್ತರ ಹೆಚ್ಚುಕಮ್ಮಿ ಒಂದೇ. ಗ್ಲಾಕ್ 19 ತಗೊಳ್ಳಿ, ಇಲ್ಲಾ ಸಿಗ್ ಪಿ365 ತಗೊಳ್ಳಿ. ಎರಡೂ ಒಳ್ಳೆಯ ಪಿಸ್ತೂಲುಗಳೇ, ಎರಡೂ ಸ್ಟ್ರೈಕರ್ ಬಗೆಯವು. ಹ್ಯಾಮರ್ ಇರುವುದು ಬೇಕು ಅಂದರೆ 'ಅದು ಹಳೇ ಕಾಲದ್ದು, ಬಿಡಿ' ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಗುಂಡು ತುಂಬಿದ ಪಿಸ್ತೂಲನ್ನು ದಿನವಿಡೀ ಮೈಗೆ ಒತ್ತಿಕೊಂಡು ಓಡಾಡುವವರಿಗೆ ಹೊರಗೆ ಕಾಣುವ ಹ್ಯಾಮರ್, ಡಬಲ್ ಆ್ಯಕ್ಷನ್ ಟ್ರಿಗರ್, ಜೊತೆಗೆ ಒಂದು ಡಿಕಾಕರ್ (ಏರಿದ ಹ್ಯಾಮರನ್ನು ಗುಂಡು ಹಾರಿಸದೇ ಇಳಿಸುವ ಸನ್ನೆ) ಇರುವ ಪಿಸ್ತೂಲೇ ಸರಿ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸ್ಟ್ರೈಕರ್ ಪಿಸ್ತೂಲಿನಲ್ಲಿ ಸ್ಲೈಡ್, ಅಂದರೆ ಮೇಲೆ ಹಿಂದೆಮುಂದೆ ಸರಿಯುವ ಭಾಗದ ಒಳಗೇ ಸ್ಪ್ರಿಂಗ್ ಸುತ್ತಿದ ಒಂದು ಕಡ್ಡಿ ಇರುತ್ತದೆ. ಸ್ಲೈಡ್ ಎಳೆದು ಬಿಟ್ಟಾಗ ಆ ಸ್ಪ್ರಿಂಗ್ ಪೂರ್ತಿಯಾಗಿಯೋ ಅರ್ಧವೋ ಬಿಗಿದು ನಿಲ್ಲುತ್ತದೆ. ಟ್ರಿಗರ್ ಒತ್ತಿದರೆ ಕಡ್ಡಿ ಮುಂದೆ ನುಗ್ಗಿ, ಗುಂಡಿನ ಹಿಂಬದಿಯಲ್ಲಿ ಕಿಡಿ ಹೊತ್ತಿಸುವ ಪ್ರೈಮರ್‌ಗೆ ಹೊಡೆಯುತ್ತದೆ. ಹೊರಗಿನಿಂದ ನೋಡಿದರೆ ಒಳಗೆ ಏನು ನಡೆಯುತ್ತಿದೆ ಅಂತ ಗೊತ್ತಾಗುವುದು ಕಷ್ಟ. ಹ್ಯಾಮರ್ ಪಿಸ್ತೂಲಿನಲ್ಲಿ ಹಿಂದುಗಡೆ ಒಂದು ಪುಟ್ಟ ಸುತ್ತಿಗೆ. ಅದು ಹಿಂದಕ್ಕೆ ಬಾಗಿ, ಮುಂದಕ್ಕೆ ಬಿದ್ದು, ಫೈರಿಂಗ್ ಪಿನ್ನಿಗೆ ಬಡಿಯಬೇಕು. ಡಬಲ್ ಆ್ಯಕ್ಷನ್‌ನಲ್ಲಿ ಇಳಿದು ಕೂತ ಹ್ಯಾಮರನ್ನು ಟ್ರಿಗರ್ರೇ ಹಿಂದಕ್ಕೆ ಎತ್ತಿ ಬೀಳಿಸುತ್ತದೆ. ಅದಕ್ಕೇ ಮೊದಲ ಒತ್ತು ಉದ್ದ ಮತ್ತು ಭಾರ. ಗುಂಡು ಹಾರಿ ಸ್ಲೈಡ್ ಹಿಂದೆ ಬಂದಾಗ ಹ್ಯಾಮರ್ ತಾನಾಗಿ ಏರಿ ನಿಲ್ಲುತ್ತದೆ. ಎರಡನೇ ಗುಂಡಿನಿಂದ ಟ್ರಿಗರ್ ಹಗುರ, ಅದು ಸಿಂಗಲ್ ಆ್ಯಕ್ಷನ್.

ಇದೇನೂ ಹೊಸ ಉಪಾಯ ಅಲ್ಲ. 1929ರ ವಾಲ್ಟರ್ ಪಿಪಿಯಿಂದಲೇ ಇದು ಚೆನ್ನಾಗಿ ನಡೆದುಕೊಂಡು ಬಂದಿದೆ. 1975ರಲ್ಲಿ ರೂಪುಗೊಂಡ ಬೆರೆಟ್ಟಾ 92, ಅದೇ ವರ್ಷದ ಸಿಝೆಡ್ 75, ಆಮೇಲೆ ಸಿಗ್ ಪಿ226, ಎಲ್ಲವೂ ಈ ದಾರಿಯವೇ. 1982ರಲ್ಲಿ ಆಸ್ಟ್ರಿಯಾದ ಸೈನ್ಯ ಗ್ಲಾಕ್ 17 ಆರಿಸಿಕೊಂಡ ಮೇಲೆ ಗಾಳಿ ನಿಧಾನಕ್ಕೆ ತಿರುಗಿತು. 1985ರಲ್ಲಿ ಬೆರೆಟ್ಟಾವನ್ನು ಒಪ್ಪಿಕೊಂಡಿದ್ದ ಅಮೆರಿಕದ ಸೈನ್ಯವೂ 2017ರಲ್ಲಿ ಸ್ಟ್ರೈಕರ್ ಕಡೆಗೇ ಹೋಯಿತು. 'ಸೈನ್ಯವೇ ಬಿಟ್ಟಮೇಲೆ ನಿಮಗ್ಯಾಕೆ' ಅಂತ ಇದನ್ನು ಎತ್ತಿ ಹೇಳುವವರು ಜಾಸ್ತಿ. ಆದರೆ ಸೈನಿಕ ಪಿಸ್ತೂಲನ್ನು ಸಮವಸ್ತ್ರದ ಹೊರಗೆ, ಕಣ್ಣಿಗೆ ಕಾಣುವ ಹಾಗೆ ನೇತುಹಾಕಿಕೊಂಡಿರುತ್ತಾನೆ. ನಾವು ಪ್ಯಾಂಟಿನ ಒಳಗೆ, ಶರ್ಟಿನ ಅಡಿಯಲ್ಲಿ, ಹೊಟ್ಟೆಗೆ ತಾಗಿಸಿಕೊಂಡು ಇಟ್ಟುಕೊಳ್ಳುತ್ತೇವೆ. ಎರಡೂ ಒಂದೇ ಕೆಲಸ ಅಲ್ಲವೇ ಅಲ್ಲ.

ಪಿಸ್ತೂಲು ಎಷ್ಟು ಬೇಗ ಹೊರಗೆ ಬರುತ್ತದೆ ಅಂತಲೇ ಎಲ್ಲರೂ ಮಾತಾಡುತ್ತಾರೆ. ಅದು ವಾಪಸ್ ಒಳಗೆ ಹೋಗುವ ಗಳಿಗೆಯ ಬಗ್ಗೆ ಮಾತು ಕಡಿಮೆ. ಜೀವನಪೂರ್ತಿ ಒಮ್ಮೆಯೂ ಅಪಾಯಕ್ಕೆ ಪಿಸ್ತೂಲು ತೆಗೆಯದೇ ಇರುವವರು ಬೇಕಾದಷ್ಟು ಜನ. ಆದರೆ ಹೋಲ್‌ಸ್ಟರ್‌ಗೆ ಅಂದರೆ ಪಿಸ್ತೂಲಿನ ಒರೆಗೆ ವಾಪಸ್ ಇಡುವ ಕೆಲಸ ಮಾತ್ರ ಎಲ್ಲರಿಗೂ ಮತ್ತೆ ಮತ್ತೆ ಬರುತ್ತದೆ, ಅಭ್ಯಾಸದಲ್ಲಿ, ಬೆಳಗ್ಗೆ ತಯಾರಾಗುವಾಗ, ಎಲ್ಲೋ ತೆಗೆದಿಡಬೇಕಾಗಿ ಬಂದಾಗ. ಬೇಡದ ಹೊತ್ತಿನಲ್ಲಿ ಗುಂಡು ಹಾರುವ ಸಂಭವ ಇರುವುದೂ ಅಲ್ಲೇ. ಶರ್ಟಿನ ಅಂಚು ಹೋಲ್‌ಸ್ಟರ್ ಒಳಗೆ ಸಿಕ್ಕಿಕೊಳ್ಳುತ್ತದೆ. ಜಾಕೆಟ್ಟಿನ ದಾರದ ತುದಿಯ ಪ್ಲಾಸ್ಟಿಕ್ ಗುಂಡಿ ಟ್ರಿಗರ್ ಗಾರ್ಡ್ ಒಳಗೆ ನುಸುಳುತ್ತದೆ. ಮೆತ್ತನೆಯ ಚರ್ಮದ ಹೋಲ್‌ಸ್ಟರ್ ಆದರೆ ಅದರ ಬಾಯಿಯೇ ಒಳಕ್ಕೆ ಮಡಚಿಕೊಂಡು ಬೆರಳಿನ ಕೆಲಸ ಮಾಡಿಬಿಡುತ್ತದೆ. ಹೊಟ್ಟೆಯ ಮುಂಭಾಗದಲ್ಲಿ ಇಟ್ಟುಕೊಳ್ಳುವವರಿಗೆ ಆ ಹೊತ್ತಿನಲ್ಲಿ ನಳಿಗೆಯ ಬಾಯಿ ತೊಡೆಯ ದೊಡ್ಡ ರಕ್ತನಾಳದ ಕಡೆಗೇ ತಿರುಗಿರಬಹುದು.

ಹ್ಯಾಮರ್ ಇದ್ದರೆ ಏನಾಗುತ್ತದೆ ನೋಡಿ. ಇಳಿದು ಕೂತ ಹ್ಯಾಮರಿನ ಬೆನ್ನಿಗೆ ಹೆಬ್ಬೆರಳು ಒತ್ತಿ ಹಿಡಿದುಕೊಂಡು ಪಿಸ್ತೂಲನ್ನು ನಿಧಾನಕ್ಕೆ ಕೆಳಗೆ ಬಿಡುತ್ತೀರಿ. ಏನಾದರೂ ಟ್ರಿಗರಿಗೆ ತಾಗಿ ಅದನ್ನು ಹಿಂದಕ್ಕೆ ತಳ್ಳಿತು ಅಂದುಕೊಳ್ಳಿ. ಕೂಡಲೇ ಹ್ಯಾಮರ್ ಏಳಲು ನೋಡುತ್ತದೆ, ಹೆಬ್ಬೆರಳಿನ ಕೆಳಗೆ ಅದು ಅಲುಗಿದ್ದು ನಿಮಗೆ ಗೊತ್ತಾಗುತ್ತದೆ. ಕೈ ನಿಂತುಬಿಡುತ್ತದೆ. ಹೆಬ್ಬೆರಳು ಗಟ್ಟಿಯಾಗಿದ್ದರೆ ಹ್ಯಾಮರ್ ಹಿಂದೆ ಬರುವುದೇ ಇಲ್ಲ, ಹಿಂದೆ ಬರದ ಹ್ಯಾಮರ್ ಬೀಳುವುದೂ ಇಲ್ಲ. ಬೇಕಿದ್ದರೆ ಪರೀಕ್ಷೆ ಮಾಡಿ ನೋಡಿ. ಗುಂಡು ತುಂಬುವ ಮ್ಯಾಗಜೀನ್ ತೆಗೆದು, ನಳಿಗೆಯ ಬುಡದಲ್ಲಿ ಗುಂಡು ಕೂರುವ ಚೇಂಬರ್ ಖಾಲಿ ಇದೆ ಅಂತ ಕಣ್ಣಿನಿಂದ ನೋಡಿ, ಬೆರಳು ಹಾಕಿ ಮುಟ್ಟಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಆಮೇಲೆ ಒಂದು ಕೈಯ ಹೆಬ್ಬೆರಳಿನಿಂದ ಹ್ಯಾಮರ್ ಒತ್ತಿಕೊಂಡು ಇನ್ನೊಂದು ಕೈಯಿಂದ ಟ್ರಿಗರ್ ಎಳೆಯಿರಿ. ಎರಡು ಬೆರಳುಗಳ ನಡುವೆ ಎಂಥ ಜಗ್ಗಾಟ ಅಂತ ಕೈಗೇ ತಿಳಿಯುತ್ತದೆ.

ಇದು ನನ್ನೊಬ್ಬನ ಹಠ ಅಲ್ಲ. ಗ್ಲಾಕ್ ಇಟ್ಟುಕೊಳ್ಳುವವರಿಗಾಗಿಯೇ ಸ್ಟ್ರೈಕರ್ ಕಂಟ್ರೋಲ್ ಡಿವೈಸ್ ಅನ್ನುವ ಒಂದು ಬಿಡಿಭಾಗ ತಯಾರಿಸಿದ್ದಾರೆ. ಸ್ಲೈಡಿನ ಹಿಂದಿನ ಮುಚ್ಚಳ ತೆಗೆದು ಅದರ ಜಾಗದಲ್ಲಿ ಇದನ್ನು ಕೂರಿಸುತ್ತಾರೆ. ಟ್ರಿಗರ್ ಚಲಿಸಿದರೆ ಅದರ ಪುಟ್ಟ ಬಾಗಿಲು ಹೊರಕ್ಕೆ ಏಳುತ್ತದೆ, ಹೆಬ್ಬೆರಳಿನಿಂದ ಅದನ್ನು ತಡೆಹಿಡಿಯಬಹುದು. ಹ್ಯಾಮರ್ ಇಲ್ಲದ ಪಿಸ್ತೂಲಿಗೆ ಹ್ಯಾಮರಿನ ಅನುಕೂಲ ಕೊಡುವ ಕೆಲಸ ಇದು. ಗ್ಲಾಕನ್ನು ಚೆನ್ನಾಗಿ ಬಲ್ಲವರೇ ಇದರ ಅಗತ್ಯ ಕಂಡಿದ್ದಾರೆ ಅನ್ನುವುದು ಗಮನಿಸಬೇಕಾದ ಮಾತು.

ಇಲ್ಲಿ ಒಂದು ಎಚ್ಚರಿಕೆ. ಡಬ್ಬಿಯ ಮೇಲೆ ಹ್ಯಾಮರ್ ಫೈರ್ಡ್ ಅಂತ ಇದ್ದರೆ ಸಾಲದು. ರೂಗರ್ ಎಲ್‌ಸಿಪಿ, ರೂಗರ್ ಸೆಕ್ಯುರಿಟಿ-9, ಸ್ಮಿತ್ ಅಂಡ್ ವೆಸನ್ನಿನ ಶೀಲ್ಡ್ ಇಜೆಡ್, ಇವುಗಳಲ್ಲೂ ಹ್ಯಾಮರ್ ಇದೆ, ಆದರೆ ಒಳಗೆ ಹೂತುಕೊಂಡಿದೆ. ಶೀಲ್ಡ್ ಇಜೆಡ್ ಸ್ಲೈಡ್ ಎಳೆಯಲು ಬಹಳ ಹಗುರ, ಕೈಯಲ್ಲಿ ಬಲ ಕಡಿಮೆ ಇರುವವರಿಗೆ ಅದು ದೊಡ್ಡ ಉಪಕಾರ. ಆದರೆ ಹೆಬ್ಬೆರಳಿಗೆ ಸಿಗದ ಹ್ಯಾಮರಿನಿಂದ ನಾನು ಹೇಳುತ್ತಿರುವ ಲಾಭ ಇಲ್ಲ.

1911 ಅನ್ನುವ ಪಿಸ್ತೂಲಿನ ಬಗ್ಗೆಯೂ ಕೇಳುತ್ತಾರೆ. ಅದು ಬರೀ ಸಿಂಗಲ್ ಆ್ಯಕ್ಷನ್. ಹ್ಯಾಮರ್ ಏರಿಸಿ, ಗುಂಡು ಹಾರದಂತೆ ತಡೆಯುವ ಸೇಫ್ಟಿ ಹಾಕಿ ಇಟ್ಟುಕೊಳ್ಳುವುದೇ ಅದರ ಸರಿಯಾದ ಕ್ರಮ. ಅದರ ಟ್ರಿಗರಿನಷ್ಟು ಚೊಕ್ಕ ಟ್ರಿಗರ್ ಸಿಗುವುದು ಅಪರೂಪ, ನಿಜ. ಆದರೆ ಸೇಫ್ಟಿ ಹಾಕಿದ್ದೇನೆ ಅನ್ನುವ ಒಂದೇ ನಂಬಿಕೆಯ ಮೇಲೆ ಬಹಳಷ್ಟು ನಿಂತಿರುತ್ತದೆ. ಮೇಲಾಗಿ ಪೂರ್ಣ ಅಳತೆಯ ಉಕ್ಕಿನ ಪಿಸ್ತೂಲು ಖಾಲಿಯಾಗಿಯೇ 1.1 ಕೆಜಿ ಆಸುಪಾಸು ತೂಗುತ್ತದೆ. ಅದರಲ್ಲೇ ಪಳಗಿದವರಿಗೆ ನಾನು ಏನೂ ಹೇಳುವುದಿಲ್ಲ. ಹೊಸಬರಿಗೆ ಬೇಡ ಅನ್ನುತ್ತೇನೆ.

ಈಗ ಡಬಲ್ ಆ್ಯಕ್ಷನ್ ಮೇಲಿರುವ ದೊಡ್ಡ ದೂರಿಗೆ ಬರೋಣ. ಮೊದಲ ಒತ್ತು 10ರಿಂದ 12 ಪೌಂಡ್, ಅಂದರೆ ಸುಮಾರು ನಾಲ್ಕೂವರೆಯಿಂದ ಐದೂವರೆ ಕೆಜಿ. ಎರಡನೆಯದು ಎರಡು ಕೆಜಿ ಆಸುಪಾಸು. ಗ್ಲಾಕಿನದು ಪ್ರತಿ ಸಲವೂ ಎರಡೂವರೆ ಕೆಜಿ. ಹಾಗಾಗಿ ಮೊದಲ ಗುಂಡು ಕೆಳಗೆ ಹೋಗುತ್ತದೆ, ಎರಡನೆಯದು ಅಂದುಕೊಳ್ಳುವ ಮೊದಲೇ ಹಾರುತ್ತದೆ, ಎರಡು ಟ್ರಿಗರ್ ಕಲಿಯುವ ತಾಪತ್ರಯ ಯಾಕೆ ಅನ್ನುತ್ತಾರೆ. ದೂರು ಸುಳ್ಳಲ್ಲ. ಪಿಸ್ತೂಲು ತಂದು, ಆರು ತಿಂಗಳಿಗೊಮ್ಮೆ ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿಗೆ ಹೋಗಿ ಬರುವ ಯೋಚನೆ ಇದ್ದರೆ ಡಬಲ್ ಆ್ಯಕ್ಷನ್ ತಗೊಳ್ಳಲೇಬೇಡಿ. ಆದರೆ ಅಷ್ಟು ಕಡಿಮೆ ಅಭ್ಯಾಸ ಮಾಡುವವರು ಯಾವ ಪಿಸ್ತೂಲನ್ನೂ ಮೈಮೇಲೆ ಇಟ್ಟುಕೊಳ್ಳಬಾರದು ಅನ್ನುವುದು ನನ್ನ ಖಂಡಿತವಾದ ಮಾತು.

ಕಲಿಯುವುದು ಅಂಥ ಕಷ್ಟವೇನಲ್ಲ. ತಪ್ಪಾಗುವುದು ಎಲ್ಲಿ ಅಂದರೆ, ಕೈ ಪೂರ್ತಿ ಚಾಚಿ, ಗುರಿ ಹಿಡಿದು, ಆಮೇಲೆ ಟ್ರಿಗರ್ ಶುರು ಮಾಡುತ್ತಾರೆ. ಆಗ ಆ ಭಾರವನ್ನೆಲ್ಲ ಒಂದೇ ಏಟಿಗೆ ಕಿತ್ತುಬಿಡುತ್ತಾರೆ. ಗುಂಡು ಹಾರಿಸಲೇಬೇಕು ಅಂತ ನಿರ್ಧಾರ ಆಗಿದ್ದರೆ, ಎರಡೂ ಕೈ ಎದೆಯ ಮುಂದೆ ಸೇರಿ ಪಿಸ್ತೂಲು ಗುರಿಯ ಕಡೆ ಹೊರಟಾಗಲೇ ಒತ್ತಲು ಶುರು ಮಾಡಬೇಕು. ಕೈ ಚಾಚಿ ಮುಗಿಯುವಷ್ಟರಲ್ಲಿ ಟ್ರಿಗರಿನ ಪಯಣವೂ ಮುಗಿಯುತ್ತಾ ಬಂದಿರುತ್ತದೆ. ಹಾರಿಸುವ ನಿರ್ಧಾರ ಇಲ್ಲದಿದ್ದರೆ ಬೆರಳು ಫ್ರೇಮಿನ (ಸ್ಲೈಡಿನ ಕೆಳಗಿನ ಚೌಕಟ್ಟಿನ) ಮೇಲೆ ನೇರವಾಗಿರಬೇಕು, ಅಷ್ಟೇ.

ಮನೆಯಲ್ಲಿ ಖಾಲಿ ಪಿಸ್ತೂಲಿನಿಂದ ಅಭ್ಯಾಸ ಮಾಡುವಾಗ ಹ್ಯಾಮರಿನ ಇನ್ನೊಂದು ಲಾಭ ಸಿಗುತ್ತದೆ. ಗ್ಲಾಕ್ ಆದರೆ ಒಮ್ಮೆ ಟ್ರಿಗರ್ ಒತ್ತಿದ ಮೇಲೆ ಮತ್ತೆ ಸ್ಲೈಡ್ ಎಳೆಯಬೇಕು. ಡಬಲ್ ಆ್ಯಕ್ಷನ್‌ನಲ್ಲಿ ಹಿಡಿತ ಬದಲಿಸದೇ ಒತ್ತುತ್ತಲೇ ಇರಬಹುದು. ಕಷ್ಟದ ಒತ್ತನ್ನೇ ಜಾಸ್ತಿ ಅಭ್ಯಾಸ ಮಾಡಿದ ಹಾಗಾಗುತ್ತದೆ. ರೇಂಜಿನಲ್ಲಿ ಇದಕ್ಕೆ ಉಲ್ಟಾ ಆಗುತ್ತದೆ. ಮ್ಯಾಗಜೀನ್ ತುಂಬಿ ಹೊಡೆಯುತ್ತಾ ಹೋದರೆ ಮೊದಲನೆಯದು ಮಾತ್ರ ಡಬಲ್ ಆ್ಯಕ್ಷನ್, ಉಳಿದದ್ದೆಲ್ಲ ಸಿಂಗಲ್. ಅದಕ್ಕೆ ಎರಡು ಗುಂಡು ಹೊಡೆದು ಡಿಕಾಕ್ ಮಾಡಿ, ಮತ್ತೆ ಎರಡು ಹೊಡೆಯಿರಿ. ಡಿಕಾಕ್ ಮಾಡುವುದು ಕೈಗೆ ರೂಢಿಯಾಗಬೇಕು. ಏರಿದ ಹ್ಯಾಮರಿನೊಂದಿಗೆ ಹೋಲ್‌ಸ್ಟರಿಗೆ ಹೋದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ.

ಎರಡು ಬಗೆಯ ಒತ್ತು ಬೇಡವೇ ಬೇಡ ಅನ್ನುವವರಿಗೆ ಜರ್ಮನ್ ಕಂಪನಿ ಎಚ್‌ಕೆಯ ಎಲ್‌ಇಎಂ ಟ್ರಿಗರ್ ಇದೆ, ಪಿ2000, ಪಿ30 ಇವುಗಳಲ್ಲಿ ಸಿಗುತ್ತದೆ. ಪ್ರತಿ ಸಲವೂ ಒಂದೇ ಥರ, ಉದ್ದ ಆದರೆ ಹಗುರ. ಡಿಕಾಕರ್ ಬೇಕಿಲ್ಲ, ಹ್ಯಾಮರ್ ಹೆಬ್ಬೆರಳಿಗೆ ಸಿಗುತ್ತದೆ. ಒಳ್ಳೆಯ ಆಯ್ಕೆ.

ಡಿಕಾಕರ್ ಯಾಕೆ ಬೇಕೇಬೇಕು ಅನ್ನುತ್ತೇನೆ ಅಂದರೆ, ಅದಿಲ್ಲದಿದ್ದರೆ ಚೇಂಬರಿನಲ್ಲಿ ಗುಂಡಿರುವಾಗಲೇ ಹೆಬ್ಬೆರಳಲ್ಲಿ ಹ್ಯಾಮರ್ ಹಿಡಿದು, ಟ್ರಿಗರ್ ಒತ್ತಿ, ಮೆಲ್ಲಗೆ ಇಳಿಸಬೇಕು. ಸಿಝೆಡ್ 75ಬಿಯಲ್ಲಿ ಹಾಗೆಯೇ. ಬೆವರಿದ ಕೈ ಒಮ್ಮೆ ಜಾರಿದರೆ ಮುಗಿಯಿತು. ಅದೇ ಮನೆತನದ 75 ಬಿ-ಡಿ (BD), ಪಿ-01 ಇವುಗಳಿಗೆ ಡಿಕಾಕರ್ ಇದೆ. ಪಿ-07ರಲ್ಲಿ ಸೇಫ್ಟಿ, ಡಿಕಾಕರ್ ಎರಡರಲ್ಲಿ ಒಂದನ್ನು ನಾವೇ ಹಾಕಿಕೊಳ್ಳಬಹುದು. ಬೆರೆಟ್ಟಾದಲ್ಲಿ ಸನ್ನೆ ಸ್ಲೈಡಿನ ಮೇಲಿದೆ. ಸಾಮಾನ್ಯ ಮಾದರಿಯಲ್ಲಿ ಅದು ಕೆಳಗಿಳಿದರೆ ಸೇಫ್ಟಿಯಾಗಿ ಅಲ್ಲೇ ನಿಂತುಬಿಡುತ್ತದೆ. ಅವಸರದಲ್ಲಿ ಸ್ಲೈಡ್ ಎಳೆಯುವಾಗ ಅಂಗೈ ತಾಗಿ ಅದು ಇಳಿಯಬಹುದು, ಆಮೇಲೆ ಟ್ರಿಗರ್ ಸತ್ತ ಹಾಗೆ. ಜಿ ಮಾದರಿಯಲ್ಲಿ ಹ್ಯಾಮರ್ ಇಳಿಸಿ ಸನ್ನೆ ಮೇಲಕ್ಕೆ ಬರುತ್ತದೆ, ಅದನ್ನೇ ತಗೊಳ್ಳಿ. ಹಳೆಯ ಪಿಸ್ತೂಲು ಕೊಳ್ಳುವವರು ಫೈರಿಂಗ್ ಪಿನ್ ಬ್ಲಾಕ್ ಇದೆಯಾ ಅಂತ ನೋಡಲೇಬೇಕು. ಟ್ರಿಗರ್ ಪೂರ್ತಿ ಒತ್ತುವವರೆಗೂ ಪಿನ್ನನ್ನು ಹಿಡಿದಿಡುವ ತುಂಡು ಅದು. ಮೊದಮೊದಲ ಸಿಝೆಡ್ 75ಗಳಲ್ಲಿ ಅದು ಇರಲಿಲ್ಲ.

ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ, ಖಾಲಿ ಇದೆ ಅಂತ ಖಚಿತ ಮಾಡಿಕೊಂಡು, ಹ್ಯಾಮರ್ ಇಳಿಸಿ ಹಿಡಿದು ನೋಡಿ. ಡಬಲ್ ಆ್ಯಕ್ಷನ್‌ನಲ್ಲಿ ಟ್ರಿಗರ್ ಮುಂದಿರುತ್ತದೆ. ಹಿಡಿತ ತಿರುಚದೇ ಬೆರಳು ಸಲೀಸಾಗಿ ಮುಟ್ಟಬೇಕು. ಪುಟ್ಟ ಕೈಯವರು ಇಲ್ಲೇ ಸೋಲುವುದು, ಹೆಸರು ಎಷ್ಟೇ ದೊಡ್ಡದಿದ್ದರೂ ಆಗ ಬೇರೆ ನೋಡಬೇಕು. ಸಿಝೆಡ್‌ಗಳಲ್ಲಿ ಸ್ಲೈಡ್ ಫ್ರೇಮಿನ ಒಳಗೆ ಕೂತು ಓಡುವುದರಿಂದ ಎಳೆಯಲು ಸಿಗುವ ಜಾಗ ಕಡಿಮೆ. ಮೊದಲು ಹ್ಯಾಮರ್ ಏರಿಸಿಕೊಂಡು ಎಳೆದರೆ ಹಗುರವಾಗುತ್ತದೆ. ಹ್ಯಾಮರಿಗೆ ಉದ್ದ ಕೊಕ್ಕೆ ಇದ್ದರೆ ಶರ್ಟಿಗೆ ಸಿಕ್ಕಿಕೊಳ್ಳುತ್ತದೆ, ಕೂತಾಗ ಹೊಟ್ಟೆಗೂ ಚುಚ್ಚುತ್ತದೆ. ತುದಿ ಮೊಂಡಾದದ್ದು ಒಳ್ಳೆಯದು.

ತೂಕದಲ್ಲಿ ಮಾತ್ರ ಸೋಲು ಒಪ್ಪಿಕೊಳ್ಳಬೇಕು. ಗ್ಲಾಕ್ 19 ಖಾಲಿಯಾಗಿ 600 ಗ್ರಾಂ ಆಸುಪಾಸು. ಪಿ-01, ಬೆರೆಟ್ಟಾ ಪಿಎಕ್ಸ್4 ಕಾಂಪ್ಯಾಕ್ಟ್ ಮುಕ್ಕಾಲು ಕೆಜಿ ದಾಟುತ್ತವೆ. ಸಿಗ್ ಪಿ229 ಸುಮಾರು 900 ಗ್ರಾಂ. ಪಿ365ನಷ್ಟು ಪುಟ್ಟದಾಗಿ, ಹತ್ತು ಗುಂಡು ಹಿಡಿಸಿಕೊಂಡು, ಒಳ್ಳೆಯ ಡಬಲ್ ಆ್ಯಕ್ಷನ್ನೂ ಇರುವ ಪಿಸ್ತೂಲನ್ನು ನಾನು ನೋಡಿಲ್ಲ. ತೆಳು ಬಟ್ಟೆಯಲ್ಲಿ ಅಡಗಲೇಬೇಕು ಅಂದರೆ ಅದೇ ಗತಿ. ಉಳಿದವರು ಗಟ್ಟಿ ಬೆಲ್ಟಿಗೆ ದುಡ್ಡು ಹಾಕಲಿ. ಒಳ್ಳೆಯ ಬೆಲ್ಟಿನ ಮೇಲೆ ಇನ್ನೂರು ಗ್ರಾಂ ಹೆಚ್ಚಾದರೂ ಗೊತ್ತಾಗುವುದಿಲ್ಲ. ಹೋಲ್‌ಸ್ಟರ್ ಕೈಡೆಕ್ಸಿನಂಥ ಗಡಸು ಪ್ಲಾಸ್ಟಿಕ್ಕಿನದ್ದಿರಲಿ, ಟ್ರಿಗರ್ ಗಾರ್ಡನ್ನು ಪೂರ್ತಿ ಮುಚ್ಚಲಿ.

ಟ್ರಿಗರ್ ಹಗುರ ಮಾಡಲು ಹ್ಯಾಮರಿನ ಸ್ಪ್ರಿಂಗ್ ಬದಲಿಸುವ ಚಪಲ ಬಹಳ ಜನಕ್ಕೆ. ಸ್ಪ್ರಿಂಗ್ ಮೆತ್ತಗಾದರೆ ಏಟೂ ಮೆತ್ತಗಾಗುತ್ತದೆ, ಗಟ್ಟಿ ಪ್ರೈಮರ್ ಇರುವ ಗುಂಡು ಹಾರದೇ ಹೋಗಬಹುದು. ಬದಲಿಸಿದರೆ ನೀವು ಮೈಮೇಲೆ ಇಟ್ಟುಕೊಳ್ಳುವ ಅದೇ ಗುಂಡುಗಳಿಂದ ಸಾಕಷ್ಟು ಹೊಡೆದು ನೋಡಿ. ಹಾರದಿದ್ದರೆ ಇನ್ನೊಮ್ಮೆ ಟ್ರಿಗರ್ ಎಳೆಯಬಹುದಲ್ವಾ ಅನ್ನುತ್ತಾರೆ. ಎಳೆಯಬಹುದು, ಆದರೆ ಸ್ಲೈಡ್ ಎಳೆದು ಹೊಸ ಗುಂಡು ತರುವುದೇ ಹೆಚ್ಚು ಖಾತ್ರಿ. ಹ್ಯಾಮರಿನ ಸಂದಿಯಲ್ಲಿ ಬಟ್ಟೆಯ ನೂಲಿನ ಧೂಳು ತುಂಬುತ್ತದೆ, ಆಗಾಗ ಬ್ರಶ್ ಆಡಿಸಿ.

ನನ್ನ ಆಯ್ಕೆ ಸಿಝೆಡ್ ಪಿ-01. ಕೈಗೆ ಒಗ್ಗದಿದ್ದರೆ ಜಿ ಸನ್ನೆಯ ಪಿಎಕ್ಸ್4 ಕಾಂಪ್ಯಾಕ್ಟ್. ಯಾವುದೇ ಆದರೂ ರಾತ್ರಿ ಮನೆಗೆ ಬಂದಾಗ ಪಿಸ್ತೂಲನ್ನು ಹೋಲ್‌ಸ್ಟರಿನಿಂದ ಎಳೆಯಬೇಡಿ. ಬೆಲ್ಟಿಗೆ ಸಿಕ್ಕಿಸಿದ ಕ್ಲಿಪ್ ಬಿಡಿಸಿ ಹೋಲ್‌ಸ್ಟರ್ ಸಮೇತ ಬೀಗದ ಪೆಟ್ಟಿಗೆಗೆ ಇಡಿ, ಬೆಳಗ್ಗೆ ಹಾಗೇ ಸಿಕ್ಕಿಸಿಕೊಳ್ಳಿ. ದಿನಾ ಗುಂಡು ತೆಗೆದು ಹಾಕಿ ಮಾಡಿದರೆ ಒಂದೇ ಗುಂಡಿನ ಮೂತಿ ಮತ್ತೆ ಮತ್ತೆ ಬಡಿದು ಅದರ ಮದ್ದಿನ ಕೋಶದೊಳಕ್ಕೆ ತಳ್ಳಿಕೊಳ್ಳುತ್ತದೆ, ಹಾರಿಸಿದಾಗ ಒತ್ತಡ ಏರುತ್ತದೆ. ಗುಂಡು ತೆಗೆಯಲೇಬೇಕಾದರೆ ಮೊದಲ ಸ್ಥಾನದ ಗುಂಡನ್ನು ಬದಲಿಸುತ್ತಿರಿ, ಪಕ್ಕದ ಹೊಸ ಗುಂಡಿನ ಜೊತೆ ಇಟ್ಟು ನೋಡಿ ಗಿಡ್ಡವಾಗಿದ್ದನ್ನು ಮತ್ತೆ ಹಾಕಲೇಬೇಡಿ.