ಹತ್ತೇ ಹತ್ತು ದಿನ ಕೇಳಿದ್ದು

ನನಗೆ ಹರ್ನಿಯಾ ಆಪರೇಷನ್ ಆಗಬೇಕು. ಡಾಕ್ಟರು ಮೂರು ಸಲ ದಿನ ಗೊತ್ತುಮಾಡಿದರು, ಮೂರು ಸಲವೂ ನಾನೇ ಮುಂದಕ್ಕೆ ಹಾಕಿಸಿದೆ. ದುಡ್ಡಿಲ್ಲ ಅಂತಲ್ಲ, ಭಯ ಅಂತಲೂ ಅಲ್ಲ. ನಾನು ಮಲಗಿದರೆ ನಮ್ಮತ್ತೆಯನ್ನು ನೋಡಿಕೊಳ್ಳುವವರು ಇಲ್ಲ.

ಅತ್ತೆಗೆ 84 ವರ್ಷ. ಸ್ಟ್ರೋಕ್ ಆಗಿ ನಾಲ್ಕು ವರ್ಷವಾಯಿತು, ಬಲಗೈ ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ತೊದಲುತ್ತದೆ, ಆದರೆ ಬುದ್ಧಿ ಚುರುಕಾಗೇ ಇದೆ. ನಡುಮನೆಯ ಕಿಟಕಿ ಪಕ್ಕಕ್ಕೆ ಅವರ ಮಂಚ ಹಾಕಿದ್ದೇವೆ, ಅಲ್ಲಿಂದ ತುಳಸಿಕಟ್ಟೆಯೂ ಕಾಣುತ್ತದೆ, ಗೇಟೂ ಕಾಣುತ್ತದೆ. ಹೂವಿನವಳು ಒಂದು ದಿನ ತಪ್ಪಿಸಿದರೆ ಮೊದಲು ಗೊತ್ತಾಗುವುದು ಅವರಿಗೇ. ಮಾವ ಸಾಲ ಮಾಡಿ ಕಟ್ಟಿಸಿದ ಮನೆ. ಆಸ್ಪತ್ರೆಯಿಂದ ಕರೆದುಕೊಂಡು ಬಂದ ದಿನ ಎಡಗೈಯಲ್ಲಿ ನನ್ನ ಸೆರಗು ಹಿಡಿದುಕೊಂಡು, "ಎಲ್ಲಿಗೂ ಕಳಿಸಬೇಡಮ್ಮ" ಅಂದಿದ್ದರು. ಕಳಿಸುವ ಯೋಚನೆ ನನಗೂ ಇಲ್ಲ, ಇವರಿಗೂ ಇಲ್ಲ. ನಾನು ಕೇಳುತ್ತಿರುವುದು ಹತ್ತು ದಿನ. ಅಷ್ಟು ದಿನ ಯಾರಾದರೂ ಒಳ್ಳೆಯ ರೀತಿಯಲ್ಲಿ ನೋಡಿಕೊಂಡರೆ, ಮುಂದಿನದನ್ನು ಹಗಲಿಗೊಬ್ಬ ಹೆಂಗಸನ್ನು ಇಟ್ಟುಕೊಂಡು ಹೇಗೋ ದೂಡಬಹುದು.

ಮೈಸೂರಿನಂಥ ಮೈಸೂರಿನಲ್ಲಿ ಆ ಹತ್ತು ದಿನ ನನಗೆ ಸಿಗಲಿಲ್ಲ.

ಒಂದು ವೃದ್ಧಾಶ್ರಮಕ್ಕೆ ಫೋನ್ ಮಾಡಿದೆ. ಎದ್ದು ಓಡಾಡುವವರನ್ನು ಮಾತ್ರ ಸೇರಿಸಿಕೊಳ್ತೀವಿ ಅಂದರು. ಹಾಸಿಗೆ ಹಿಡಿದವರನ್ನು ಇಟ್ಟುಕೊಳ್ಳುವ ಇನ್ನೊಂದು ಕಡೆ, ಕನಿಷ್ಠ ಮೂರು ತಿಂಗಳು, ಡಿಪಾಸಿಟ್ ವಾಪಸ್ ಇಲ್ಲ. ಆಸ್ಪತ್ರೆಯಲ್ಲಿ ಕೇಳಿದರೆ, ಕಾಯಿಲೆ ಇಲ್ಲದೆ ಅಡ್ಮಿಟ್ ಮಾಡಿಕೊಳ್ಳೋಕೆ ಬರೋಲ್ಲಮ್ಮ ಅಂದರು. ಎಪ್ಪತ್ತು ದಾಟಿದವರಿಗೆ ವರ್ಷಕ್ಕೆ 5 ಲಕ್ಷದ ಆಯುಷ್ಮಾನ್ ವಿಮೆ ಅಂತ 2024ರಲ್ಲಿ ದೊಡ್ಡದಾಗಿ ಹೇಳಿದರಲ್ಲ, ಅದು ಆಸ್ಪತ್ರೆ ಸೇರಿದರೆ ಮಾತ್ರ. ಮನೆಯಲ್ಲಿ ಮಲಗಿರುವವರಿಗೆ ಅದರಿಂದ ಒಂದು ಡೈಪರೂ ಬರುವುದಿಲ್ಲ.

ಕೊನೆಗೆ ಹೋಮ್ ನರ್ಸ್ ಏಜೆನ್ಸಿ. ಹತ್ತು ದಿನಕ್ಕೆ ಕೊಡಲ್ಲ, ತಿಂಗಳ ಲೆಕ್ಕ ಅಂದರು. 28,000 ರೂಪಾಯಿ ಮುಂಗಡ, ಜೊತೆಗೆ ರಿಜಿಸ್ಟ್ರೇಷನ್ ಫೀಸು ಬೇರೆ. ಸರಿ, ಕಟ್ಟಿದೆವು. "ಟ್ರೇನಿಂಗ್ ಆಗಿರೋ ಹುಡುಗಿ ಮೇಡಂ, ಸ್ಟ್ರೋಕ್ ಪೇಷಂಟ್‌ಗಳನ್ನ ನೋಡಿಕೊಂಡು ಅಭ್ಯಾಸ ಇದೆ" ಅಂತ ಎರಡೆರಡು ಸಲ ಹೇಳಿದರು. ಅತ್ತೆಗೆ ಹೊಂದಿಕೊಳ್ಳಲಿ ಅಂತ ಆಪರೇಷನ್‌ಗೆ ನಾಲ್ಕು ದಿನ ಮೊದಲೇ ಕರೆಸಿದೆ. ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು ಅಂತ ಹೇಳಿ, ತೋರಿಸಿ, ನಾಲ್ಕು ವರ್ಷದಲ್ಲಿ ಮೊದಲ ಸಲ ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗಿದೆ. ಎರಡು ರಾತ್ರಿ ನಿದ್ದೆ ಮಾಡಿದೆ.

ಮೂರನೇ ದಿನ ಬೆಳಿಗ್ಗೆ ಮೈ ಒರೆಸಲು ತಿರುಗಿಸಿದರೆ, ಸೊಂಟದ ಕೆಳಗೆ ಬಾಲದ ಮೂಳೆಯ ಮೇಲೆ ಚರ್ಮ ಕೆಂಪಾಗಿ, ಮಧ್ಯದಲ್ಲಿ ಒಂದು ರೂಪಾಯಿ ನಾಣ್ಯದಷ್ಟಗಲ ಕಿತ್ತು ಬಂದಿತ್ತು. ಡೈಪರ್ ರಾತ್ರಿಯೆಲ್ಲಾ ಒದ್ದೆಯಾಗೇ ಇತ್ತು. ಮೈಗೆ ಹುಣ್ಣಾಗದಿರಲಿ ಅಂತ ಹಾಕಿದ್ದ ಗಾಳಿಹಾಸಿಗೆಯ, ಅದೇ ಏರ್ ಬೆಡ್‌ನ, ಸ್ವಿಚ್ ಆಫ್ ಆಗಿತ್ತು, ಫೋನ್ ಚಾರ್ಜಿಗೆ ಹಾಕಲು ಅದರ ಪ್ಲಗ್ ಕಿತ್ತಿದ್ದಳಂತೆ. ನಾಲ್ಕು ವರ್ಷ ಒಂದೇ ಒಂದು ಬೆಡ್ ಸೋರ್, ಅಂದರೆ ಮಲಗಿ ಮಲಗಿ ಆಗುವ ಹುಣ್ಣು, ಆಗದ ಹಾಗೆ ಕಾಪಾಡಿಕೊಂಡು ಬಂದ ಮೈ ಅದು. ಅತ್ತೆ ಒಂದು ಮಾತೂ ದೂರಲಿಲ್ಲ. "ನೀನು ಮಲಗಿದ್ದೆ, ಕರೀಲಿಲ್ಲ" ಅಂದರು. ಅದನ್ನು ಕೇಳಿ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಆ ಹುಡುಗಿಯ ಮೇಲೆ ಮೊದಲು ಕೂಗಾಡಿದೆ. ಅಡಿಗೆಮನೆಯ ಮೂಲೆಯಲ್ಲಿ ಕೂತು ಅತ್ತಳು. ಕೊಪ್ಪಳದ ಕಡೆಯ ಹಳ್ಳಿಯವಳು, ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ಅದಕ್ಕೆ ಮೊದಲು ಗಾರ್ಮೆಂಟ್ಸ್‌ನಲ್ಲಿದ್ದಳಂತೆ. "ಯಾರೂ ಕಲಿಸಿಲ್ರೀ ಅಕ್ಕಾ, ಬಿ.ಪಿ. ನೋಡೋದು ಒಂದಿನ ತೋರಿಸಿ ಕಳಿಸಿದ್ರು" ಅಂದಳು. ನಾವು ಕೊಟ್ಟ 28,000ದಲ್ಲಿ ಅವಳ ಕೈಗೆ ಬರುವುದು 15,000. ಇಪ್ಪತ್ನಾಲ್ಕು ಗಂಟೆ ಡ್ಯೂಟಿ, ವಾರದ ರಜೆ ಇಲ್ಲ. ಅವಳಿಗಾದರೂ ನಿದ್ದೆ ಬೇಡವೇ? ಹಾಗಾದರೆ ಉಳಿದ 13,000 ಯಾವ ಕೆಲಸಕ್ಕೆ? ಏಜೆನ್ಸಿಗೆ ಫೋನ್ ಮಾಡಿದರೆ ರಿಪ್ಲೇಸ್‌ಮೆಂಟ್ ಕಳಿಸ್ತೀವಿ ಅಂದವರು ಇವತ್ತಿನವರೆಗೂ ಕಳಿಸಿಲ್ಲ, ದುಡ್ಡೂ ವಾಪಸ್ ಬಂದಿಲ್ಲ. ಒಬ್ಬ ಮನುಷ್ಯರ ಜೀವವನ್ನೇ ಕೈಗೆ ಕೊಡುವ ಕೆಲಸ ಇದು. ಯಾರು ಬೇಕಾದರೂ ಬೋರ್ಡು ಹಾಕಿಕೊಂಡು ಶುರುಮಾಡಬಹುದು ಅಂದರೆ ಹೇಗೆ?

ಆಪರೇಷನ್ ಮತ್ತೆ ಮುಂದಕ್ಕೆ ಹೋಯಿತು. ಗಾಯ ಮಾಗಲು ಏಳು ವಾರ ಹಿಡಿಯಿತು. ಹೊಟ್ಟೆಗೆ ಬೆಲ್ಟು ಕಟ್ಟಿಕೊಂಡು ನಾನೇ ಡ್ರೆಸಿಂಗ್ ಮಾಡಿದೆ.

ಇನ್ನು ನೆಂಟರು. ಮೈದುನ ಬೆಂಗಳೂರಿನಲ್ಲಿ, ನಾದಿನಿ ಅಮೆರಿಕದಲ್ಲಿ. ಭಾನುವಾರ ವಿಡಿಯೋ ಕಾಲ್‌ನಲ್ಲಿ "ಅತ್ತಿಗೆ, ನಿಮ್ಮಂಥವರು ಸಿಕ್ಕಿದ್ದು ಅಮ್ಮನ ಪುಣ್ಯ" ಅನ್ನುತ್ತಾರೆ. ನನ್ನ ಆಪರೇಷನ್ ವಿಷಯ ಎತ್ತಿದರೆ ಲೈನ್ ಸರಿಯಿಲ್ಲ ಅನ್ನುತ್ತಾರೆ. ಮದುವೆಮನೆಯಲ್ಲಿ ಸಿಕ್ಕವರು ಎರಡೇ ಮಾತು ಆಡುವುದು. ಒಬ್ಬರು ಹಿರಿಯರ ಸೇವೆ ದೊಡ್ಡದು, ಮಾಡಮ್ಮ ಅನ್ನುತ್ತಾರೆ. ಇನ್ನೊಬ್ಬರು ಎಷ್ಟು ದಿನ ಅಂತ ಒದ್ದಾಡ್ತೀಯ, ಆಶ್ರಮಕ್ಕೆ ಸೇರಿಸಿಬಿಡಿ ಅನ್ನುತ್ತಾರೆ. ನಾನು ಸೇವೆಗೂ ಬೇಜಾರುಪಟ್ಟಿಲ್ಲ, ಅವರನ್ನು ಖಾಯಂ ಆಗಿ ಬಿಟ್ಟುಬರಲು ಆಶ್ರಮದ ವಿಳಾಸವನ್ನೂ ಕೇಳಿಲ್ಲ.

ಸರ್ಕಾರದ ಕಥೆಯೂ ಇದೇ. ಹಿರಿಯ ನಾಗರಿಕರ ಕಾಯ್ದೆ 2007ರಲ್ಲಿ ಬಂತು. ಹೆತ್ತವರನ್ನು ಬೀದಿಗೆ ಬಿಟ್ಟರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಿಕ್ಕಿಲ್ಲದವರಿಗೆ ಜಿಲ್ಲೆಗೊಂದಾದರೂ ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ಜನಕ್ಕೆ ಜಾಗ. ಇರಲಿ, ಅವೆರಡೂ ಬೇಕು. ಆದರೆ ಬೀದಿಗೂ ಬಿಡದೆ ಆಶ್ರಮಕ್ಕೂ ಕಳಿಸದೆ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುವವರಿಗೆ ಏನಿದೆ? ರಾಜ್ಯದ 2024-25ರ ಬಜೆಟ್‌ನಲ್ಲಿ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆ ಘೋಷಿಸಿದರು. ಓದಿ ಖುಷಿಯಾಯಿತು. ಆಮೇಲೆ ಪಟ್ಟಿ ನೋಡಿದರೆ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಈ ನಾಲ್ಕು ಕಾಯಿಲೆಯವರಿಗೆ ಮಾತ್ರ. ಅವರಿಗೆ ಸಿಗಲೇಬೇಕು, ಸಾವಿರ ಸಾಲದು ಕೂಡ. ಆದರೆ ಸ್ಟ್ರೋಕ್ ಆದವರನ್ನು ಎತ್ತಿ ಇಳಿಸುವ ಸೊಂಟ ಸೊಂಟವಲ್ಲವೇ?

ಇಲ್ಲೇ ನಮ್ಮ ಟಿ. ನರಸೀಪುರದಲ್ಲಿ 1975ರಲ್ಲಿ ಐಸಿಡಿಎಸ್ ಅನ್ನುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ಶುರುವಾದವು. ಇವತ್ತು ಅಂಗನವಾಡಿ ಇಲ್ಲದ ಊರು ಸಿಗುವುದು ಕಷ್ಟ. ಕೂಲಿಗೆ ಹೋಗುವ ತಾಯಿ ಮಗುವನ್ನು ಅಲ್ಲಿ ಬಿಟ್ಟು ಹೋದರೆ ಅವಳನ್ನು ಯಾರೂ ಕೆಟ್ಟ ತಾಯಿ ಅನ್ನುವುದಿಲ್ಲ. ವಯಸ್ಸಾದವರಿಗೆ ಅಂಥದ್ದೊಂದು ಯಾಕಿಲ್ಲ? ವಾರ್ಡಿಗೊಬ್ಬ ಕಲಿತ ಹೆಣ್ಣುಮಗಳು ವಾರಕ್ಕೆ ಎರಡು ಸಲ ಮನೆಗೆ ಬಂದು ನೋಡಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ನಾಲ್ಕು ಹಾಸಿಗೆ ಇದಕ್ಕೇ ಅಂತ ಇರಲಿ, ಮನೆಯವರಿಗೆ ತೀರಾ ಆಗದಿದ್ದಾಗ ಹತ್ತು ದಿನಕ್ಕೆ. ಆಗದ ಮಾತೇನಲ್ಲ. ಗಡಿ ದಾಟಿದರೆ ಕೇರಳ. ಅಲ್ಲಿ 2008ರಲ್ಲೇ ಪ್ಯಾಲಿಯೇಟಿವ್ ಆರೈಕೆಗೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ಕಡಿಮೆ ಮಾಡಿ ನೋಡಿಕೊಳ್ಳುವುದಕ್ಕೆ, ಅಂತ ನೀತಿ ಮಾಡಿ, ಪಂಚಾಯಿತಿಗಳ ಮೂಲಕ ನರ್ಸುಗಳನ್ನು ಹಾಸಿಗೆ ಹಿಡಿದವರ ಮನೆಗೇ ಕಳಿಸುತ್ತಿದ್ದಾರೆ. ವಯನಾಡಿಗೆ ಬರುವ ನರ್ಸು ಮೈಸೂರಿಗೆ ಯಾಕೆ ಬರಬಾರದು?

ಈಗ ನಾಲ್ಕನೇ ಸಲ ದಿನ ಕೊಟ್ಟಿದ್ದಾರೆ, ಬರುವ ತಿಂಗಳ ಎರಡನೇ ವಾರ. ಇನ್ನು ತಳ್ಳಿದರೆ ಕರುಳು ಸಿಕ್ಕಿಕೊಂಡು ಎಮರ್ಜೆನ್ಸಿ ಆಗಬಹುದು ಅಂತ ಡಾಕ್ಟರು ಗದರಿದರು. ನಮ್ಮ ಯಜಮಾನರಿಗೆ ಆರು ದಿನ ರಜೆ ಉಳಿದಿದೆ, ಅವರೇ ನೋಡಿಕೊಳ್ಳುತ್ತಾರೆ. ಇನ್ನು ನಾಲ್ಕು ದಿನ ಬೇಕು. ಮೈಸೂರಿನಲ್ಲಿ, ಹಾಸಿಗೆ ಹಿಡಿದವರನ್ನು ಅವರ ಮನೆಯಲ್ಲೇ ನೋಡಿಕೊಳ್ಳುವ, ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ತಿರುಗಿಸುವ ಯಾರಾದರೂ ಗೊತ್ತಿದ್ದರೆ ತಿಳಿಸಿ. ದಿನದ ಸಂಬಳ ಅವರ ಕೈಗೇ ಕೊಡುತ್ತೇವೆ. ಆಶ್ರಮದ ನಂಬರು ದಯವಿಟ್ಟು ಕಳಿಸಬೇಡಿ.