ಹಗೇವಿನಾಗ ನಿಯೋಡಿಮಿಯಂ

ದೇಶರಕ್ಷಣೆಗೆ ಬೇಕಾಗೋ ಖನಿಜಗಳನ್ನ ಸರ್ಕಾರ ದಾಸ್ತಾನು ಮಾಡಿ ಇಡ್ತದಂತ ಎಂದು ಪೇಪರ್ ಓದಿ ಹೇಳಿದೆ. ಅಡುಗೆಮನೆಯಿಂದ ಅವ್ವ ಕೇಳಿದಳು: "ಎಷ್ಟ ದಿನಕ್ಕ ಸಾಲೂವಷ್ಟು?"

ಅವ್ವನಿಗೆ ಈ ಪ್ರಶ್ನೆ ಥಟ್ಟನೆ ಹೊಳೆಯಲು ಕಾರಣವಿದೆ. ನಮ್ಮದು ಹುಬ್ಬಳ್ಳಿಯ ಓಣಿ. ನಳ ಎಂಟು ದಿನಕ್ಕೊಮ್ಮೆ ಬರುತ್ತದೆ, ಸಿಟ್ಟು ಬಂದರೆ ಹತ್ತು ದಿನಕ್ಕೊಮ್ಮೆ. ಎರಡು ಬ್ಯಾರಲ್, ಒಂದು ತಾಮ್ರದ ಹಂಡೆ, ಹನ್ನೊಂದು ಕೊಡ. ಅವು ತುಂಬಿದ ಮೇಲೆ ಬೋಗುಣಿ, ಡಬರಿ, ಹಬ್ಬಕ್ಕಷ್ಟೇ ಅಟ್ಟದಿಂದ ಇಳಿಯುವ ಪಾತೇಲಿ. ಯಾವುದು ಕುಡಿಯಲು, ಯಾವುದು ಬಳಸಲು, ಬೀಗರು ಬಂದರೂ ಮುಟ್ಟಬಾರದ ಕೊಡ ಯಾವುದು, ಎಲ್ಲ ಅವಳ ತಲೆಯಲ್ಲಿದೆ. ಇದಕ್ಕೊಂದು ಮಿಷನ್ ಇಲ್ಲ, ಕಾರ್ಯದರ್ಶಿ ಇಲ್ಲ, ಟಿಎ-ಡಿಎ ಇಲ್ಲ. ದಿಲ್ಲಿಯವರು 2025ರ ಜನವರಿಯಲ್ಲಿ ರಾಷ್ಟ್ರೀಯ ನಿರ್ಣಾಯಕ ಖನಿಜಗಳ ಮಿಷನ್ನಿಗೆ 16,300 ಕೋಟಿ ರೂಪಾಯಿ ತೆಗೆದಿಟ್ಟರು. ಅವ್ವ ಬ್ಯಾರಲ್ ಕೊಳ್ಳುವಾಗ ನೂರು ರೂಪಾಯಿಗೆ ಅರ್ಧ ತಾಸು ಚೌಕಾಶಿ ಮಾಡಿದ್ದಳು.

ಕತೆ ನಿಮಗೂ ಗೊತ್ತಿರುವುದೇ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ಅಪರೂಪದ ಲೋಹಗಳಿಗೂ ಅವುಗಳಿಂದ ಮಾಡಿದ ಆಯಸ್ಕಾಂತಕ್ಕೂ ರಫ್ತಿನ ಬಾಗಿಲು ಅರ್ಧ ಮುಚ್ಚಿತು. ಮೋಟಾರು, ಕಾರು, ಕ್ಷಿಪಣಿ ಎಲ್ಲವೂ ಕೈಕೈ ಹಿಸುಕಿಕೊಂಡವು. ಆ ಲೋಹಗಳ ಹೆಸರನ್ನಾದರೂ ನೋಡಿ: ಸಮೇರಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ, ಲುಟೇಶಿಯಂ. ಇದೇ ಬಳಗದಲ್ಲಿ ಆಯಸ್ಕಾಂತಕ್ಕೆ ಬೇಕಾಗುವ ನಿಯೋಡಿಮಿಯಂ ಇದ್ದಾನೆ, ಪ್ರೇಸಿಯೋಡಿಮಿಯಂ ಎಂದು ಇನ್ನೊಬ್ಬನಿದ್ದಾನೆ, ಬಾಯಲ್ಲಿ ಎಲೆ-ಅಡಿಕೆ ಇದ್ದರೆ ಕರೆಯಲಿಕ್ಕೇ ಆಗುವುದಿಲ್ಲ. ಅಮೆರಿಕದ ಎಫ್-35 ಯುದ್ಧವಿಮಾನ ಒಂದಕ್ಕೆ ಇಂಥ ಲೋಹ 400 ಕಿಲೋಗೂ ಹೆಚ್ಚು ಬೇಕು. ನಾಲ್ಕು ಕ್ವಿಂಟಲ್! ನಮ್ಮ ಕಡೆ ನಾಲ್ಕು ಕ್ವಿಂಟಲ್ ಜೋಳ ಇದ್ದರೆ ಒಂದು ಮನಿತನ ಸುಗ್ಗಿಯಿಂದ ಸುಗ್ಗಿಗೆ ದಾಟುತ್ತದೆ.

ಜೋಳ ಅಂದಾಗ ಹಗೇವು ನೆನಪಾಯಿತು. ಈಗಿನ ಹುಡುಗರಿಗೆ ಹೇಳಬೇಕಾದೀತು: ನೆಲದೊಳಗೆ ಗಡಿಗೆಯ ಆಕಾರದಲ್ಲಿ ಕುಣಿ ತೋಡಿ, ಸುತ್ತ ದಂಟು-ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತುತ್ತಿದ್ದರು. ಮಳೆ ಕೈಕೊಟ್ಟ ವರ್ಷಕ್ಕೆಂದು ಇಟ್ಟದ್ದು. ತೆಗೆಯುವ ದಿನ ಯಾರೂ ಗಡಿಬಿಡಿಯಲ್ಲಿ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಬೇಕು. ಕಂದೀಲು ಆರಿತೋ, ಇಳಿಯುವಂತಿಲ್ಲ, ಒಳಗೆ ಕೆಟ್ಟ ಗಾಳಿ. ಇಳಿದವರು ಮೇಲೆ ಬರದ ಕತೆಗಳು ಊರೂರಿಗೂ ಇವೆ. ನನ್ನಜ್ಜ ಮಾತ್ರ ಹಗೇವು ಎಲ್ಲಿದೆ ಎಂದು ಯಾವತ್ತೂ ಪತ್ರಿಕಾ ಪ್ರಕಟಣೆ ಕೊಟ್ಟಿರಲಿಲ್ಲ.

ಕೂಡಿಟ್ಟದ್ದನ್ನು ಮಾರಿ ಆಮೇಲೆ ಹಣೆ ಚಚ್ಚಿಕೊಳ್ಳುವುದರಲ್ಲಿ ಅಮೆರಿಕದವರೇ ಗುರುಗಳು. 1939ರಲ್ಲೇ ಕಾನೂನು ಮಾಡಿ ಖನಿಜ ಪೇರಿಸಿದರು. ಸೋವಿಯತ್ ಒಡೆದ ಮೇಲೆ ಇನ್ನು ಯುದ್ಧ ಯಾರ ಜೊತೆ ಎಂದು ಬಹುಪಾಲು ಮಾರಿಬಿಟ್ಟರು. 2025ರಲ್ಲಿ ಅದೇ ಉಗ್ರಾಣ ತುಂಬಿಸಲು 200 ಕೋಟಿ ಡಾಲರ್ ಎತ್ತಿಟ್ಟರು. ಅಪ್ಪ ಸತ್ತ ವರ್ಷವೇ ಹಗೇವಿನ ಜೋಳ ತೂಗಿ ಬೈಕು ತಂದ ಮಗ ನಮ್ಮೂರಲ್ಲೂ ಇದ್ದ.

ನಮ್ಮವರದು ಬೇರೆ ತರಹ. ಮಾರಲು ಮೊದಲು ಇರಬೇಕಲ್ಲ? 2020ರಲ್ಲಿ ಮಂಡ್ಯದ ಮರಳಗಾಲದಲ್ಲಿ 14,100 ಟನ್ ಲಿಥಿಯಂ ಸಿಕ್ಕಿತೆಂದು ಟೀವಿಯವರು ಕುಣಿದರು. ಇನ್ನೊಮ್ಮೆ ತೂಗಿದಾಗ 1,600 ಟನ್ ಆಯಿತು. ಇಷ್ಟು ವೇಗದಲ್ಲಿ ಒಣಮೆಣಸಿನಕಾಯಿ ತೂಕ ಬ್ಯಾಡಗಿ ಮಾರುಕಟ್ಟೆಯಲ್ಲೂ ಇಳಿದದ್ದು ನಾನು ಕಂಡಿಲ್ಲ. 2023ರಲ್ಲಿ ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಲಿಥಿಯಂ ಅದಿರು ಎಂದರು. ಹರಾಜಿಗಿಟ್ಟರೆ ಬೇಕಾದಷ್ಟು ಜನ ಕೂಗಲು ಬರಲಿಲ್ಲ. ಓಣಿಯಲ್ಲಿ "ಹಳೇ ಮೊಬೈಲ್ ಕೊಡ್ರೀ" ಎಂದು ಕೂಗುತ್ತ ಬಂದು ಪ್ಲಾಸ್ಟಿಕ್ ಬುಟ್ಟಿ ಕೊಟ್ಟು ಹೋಗುವ ಗುಜರಿಯವನನ್ನು ನೋಡಿದರೆ ಮಾತ್ರ ಈಗ ನನಗೆ ಭಕ್ತಿ. ಆ ಮೊಬೈಲುಗಳ ಒಳಗಿರುವುದೂ ಇಂಥವೇ ಲೋಹ, ದೇಶದ ನಿಜವಾದ ಖನಿಜ ಸಚಿವ ಅವನೇ ಇರಬೇಕು.

ಇಷ್ಟು ನಗಾಡುತ್ತ ನಿರ್ಣಾಯಕ ಖನಿಜಗಳ ಪಟ್ಟಿಯನ್ನು ತೆಗೆದು ನೋಡಿದೆ. 2023ರಲ್ಲಿ ಕೇಂದ್ರದ ಗಣಿ ಸಚಿವಾಲಯ ಮಾಡಿದ್ದು, ಒಟ್ಟು 30 ಖನಿಜ. ತಾಮ್ರ ಇದೆ, ನಮ್ಮ ಬಚ್ಚಲಿನ ಹಂಡೆಗೆ ಇನ್ನು ಪೊಲೀಸ್ ಕಾವಲು ಕೇಳಬಹುದು. ತವರ ಇದೆ, ಬೋಗುಣಿಯ ಕಲಾಯಿಗೂ ಕಾವಲು. ಲಿಥಿಯಂ, ಕೋಬಾಲ್ಟ್, ಟಂಗ್‌ಸ್ಟನ್ ಎಂದು ಬೆರಳಿಡುತ್ತ ಕೆಳಗಿಳಿದರೆ ಎರಡು ಪರಿಚಯದ ಹೆಸರು. ರಂಜಕ. ಪೊಟ್ಯಾಶ್.

ಕನ್ನಡಕ ಒರೆಸಿ ಮತ್ತೆ ಓದಿದೆ. ಅವೇ. ಡಿಎಪಿ ಗೊಬ್ಬರದ ಚೀಲದೊಳಗಿನ ರಂಜಕ, ಎಂಒಪಿ ಗೊಬ್ಬರದ ಚೀಲದೊಳಗಿನ ಪೊಟ್ಯಾಶ್. ಪೊಟ್ಯಾಶ್ ಅಂತೂ ಹೆಚ್ಚುಕಡಿಮೆ ಎಲ್ಲವೂ ಹಡಗಿನಲ್ಲೇ ಬರಬೇಕು. ಚೀನಾ ಆಯಸ್ಕಾಂತದ ಜೊತೆ ರಂಜಕದ ಗೊಬ್ಬರವನ್ನೂ ಬಿಗಿ ಹಿಡಿಯಿತು. ಆಯಸ್ಕಾಂತಕ್ಕೆ 7,280 ಕೋಟಿಯ ಯೋಜನೆ ಬಂತು. ಗೊಬ್ಬರಕ್ಕೆ ಬಂದದ್ದು ಪಾಳಿ.

ಹಾವೇರಿ ಕಡೆಯ ನನ್ನ ಸೋದರಮಾವ ಗೋವಿನಜೋಳ ಬಿತ್ತುವವನು. ಮುಂಗಾರಿನಲ್ಲಿ ನಸುಕಿಗೇ ಹೋಗಿ ಅಂಗಡಿ ಮುಂದೆ ಚಪ್ಪಲಿ ಬಿಟ್ಟು ಪಾಳಿ ಹಿಡಿಯುತ್ತಾನೆ. ಪಾಳಿ ಬಂದಾಗ ಆಧಾರ್ ಕಾರ್ಡು, ಹೆಬ್ಬೆಟ್ಟು, ಕೊನೆಗೆ ಎರಡು ಚೀಲ, ಅದರ ಜೊತೆ ಅವನಿಗೆ ಬೇಡವಾದ ಯಾವುದೋ ಬಾಟಲಿ. ಅದಕ್ಕೆ 'ಲಿಂಕ್' ಅನ್ನುತ್ತಾರೆ. ಬಾಟಲಿ ಬೇಡವೆಂದರೆ ಚೀಲವೂ ಇಲ್ಲ.

ಈ ಖನಿಜಗಳು ನಿರ್ಣಾಯಕ ಎಂದು ದಿಲ್ಲಿಗೆ ತಿಳಿದದ್ದು 2023ರಲ್ಲಿ. ಹಾವೇರಿ ರೈತರಿಗೆ 2008ರಲ್ಲೇ ಗೊತ್ತಿತ್ತು. ಆ ವರ್ಷ ಮೇ 30ಕ್ಕೆ ಯಡಿಯೂರಪ್ಪನವರು ಹಸಿರು ಶಾಲು ಹೊದ್ದು ರೈತರ ಹೆಸರಿನಲ್ಲಿ ಪ್ರಮಾಣವಚನ ತೆಗೆದುಕೊಂಡರು. ಜೂನ್ 10ಕ್ಕೆ ಹಾವೇರಿಯಲ್ಲಿ ಗೊಬ್ಬರ ಕೊಡಿ ಎಂದವರ ಮೇಲೆ ಗುಂಡು ಹಾರಿತು. ಇಬ್ಬರು ರೈತರು ಸತ್ತರು. ಹನ್ನೊಂದೇ ದಿನ. ಇದರಲ್ಲಿ ನನಗೆ ಯಾವ ವಿಡಂಬನೆಯೂ ಕಾಣುತ್ತಿಲ್ಲ. ಸರ್ಕಾರಗಳು ಬದಲಾದವು, ಪಾಳಿ ಬದಲಾಗಲಿಲ್ಲ. ವರ್ಷಾ ಮುಂಗಾರು ಬರುತ್ತದೆಂದು ದನಕಾಯುವ ಹುಡುಗನಿಗೂ ಗೊತ್ತು. ಉಗ್ರಾಣದವರಿಗೆ ಮಾತ್ರ ಅದು ವರ್ಷಾ ಹೊಸ ಸುದ್ದಿ.

ಇನ್ನೊಂದು ಕಾಗದದ ಮಾತು ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರ್ 8ರಂದು ಕೇಂದ್ರ ಪರಿಸರ ಸಚಿವಾಲಯ ಒಂದು ಜ್ಞಾಪನಾಪತ್ರ ಹೊರಡಿಸಿತು. ಅಣುಖನಿಜ, ನಿರ್ಣಾಯಕ ಖನಿಜ ತೆಗೆಯುವ ಗಣಿಗಳಿಗೆ ಇನ್ನು ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲ. ಕಾರಣ, ದೇಶರಕ್ಷಣೆ. ಅಂದರೆ ಗುಡ್ಡದ ಬುಡದಲ್ಲಿ ಇರುವವನನ್ನು ಶಾಮಿಯಾನದ ಕೆಳಗೆ ಕೂರಿಸಿ, ಚಹಾ ಕೊಟ್ಟು, "ಏನಂತೀರಿ?" ಎಂದು ಕೇಳುವ ಆ ಒಂದು ದಿನದ ನಾಟಕವೂ ರದ್ದು. ಅವನ ಊರು ದೇಶದೊಳಗೇ ಇದೆ ಎಂದು ಯಾರಾದರೂ ಹೇಳಬೇಕಿತ್ತು.

ಗದಗಿನವರು ಇದನ್ನು ಎರಡು ಸಲ ಓದಬೇಕು. 2011ರಲ್ಲಿ ಹಳ್ಳಿಗುಡಿಯ ಹೊಲಗಳ ಮೇಲೆ ಪೋಸ್ಕೊ ಉಕ್ಕಿನ ಕಾರ್ಖಾನೆ ಬರುತ್ತದೆ ಎಂದಾಗ ರೈತರು ಒಲ್ಲೆವೆಂದರು, ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ಸರ್ಕಾರ ಹಿಂದೆ ಸರಿಯಿತು. ಕಪ್ಪತಗುಡ್ಡದ್ದಂತೂ ದೊಡ್ಡ ಆಟ. 2015ರಲ್ಲಿ ಸಂರಕ್ಷಿತ ಎಂದರು, 2016ರಲ್ಲಿ ಇಲ್ಲ ಎಂದರು, ಜನ ಧರಣಿ ಕೂತ ಮೇಲೆ 2017ರಲ್ಲಿ ಮತ್ತೆ ಹೌದು ಎಂದರು. ವನ್ಯಜೀವಿ ಧಾಮ ಆಗಲು 2019 ಬರಬೇಕಾಯಿತು. ಆ ಗುಡ್ಡದಲ್ಲಿ ಚಿನ್ನ ಇದೆ. ಚಿನ್ನ ಆ ಮೂವತ್ತರ ಪಟ್ಟಿಯಲ್ಲಿಲ್ಲ. ಇನ್ನೂ ಇಲ್ಲ.

ಇದನ್ನೆಲ್ಲ ಮಾವನಿಗೆ ಫೋನಿನಲ್ಲಿ ಹೇಳಿದೆ. ಪೊಟ್ಯಾಶ್ ಈಗ ಯುದ್ಧವಿಮಾನದ ಲೋಹಗಳ ಪಂಕ್ತಿಯಲ್ಲೇ ಉಣ್ಣಲು ಕೂತಿದೆ ಎಂದು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಅಳಿಯಾ," ಅಂದ, "ಹಂಗಾರ ಮುಂದಿನ ಸಲ ಬಾಟಲಿ ಬದಲಿ ಆ ನಿಯೋ... ಏನದು, ಅದನ್ನ ಲಿಂಕ್ ಹಚ್ಚತಾರೇನ? ಎಷ್ಟ ರೊಕ್ಕ ಒಯ್ಬೇಕ ಕೇಳಿಟ್ಟಿರು."