ಭಾನುವಾರವನ್ನು ಸವಾಲಿಗಿಟ್ಟ ಕಥೆ

ಹೋದ ವರ್ಷ ನಮ್ಮ ಬೀದಿ ಗಣಪತಿಯ ಫಲಾವಳಿ ಸವಾಲಿನಲ್ಲಿ, ಅಂದರೆ ದೇವರ ಮುಂದೆ ಕಟ್ಟಿದ ಹಣ್ಣುಕಾಯಿಗಳ ಹರಾಜಿನಲ್ಲಿ, ಒಂದು ತೆಂಗಿನಕಾಯಿ ಮೂರು ಸಾವಿರದ ನೂರು ರೂಪಾಯಿಗೆ ಹೋಯಿತು. ಸವಾಲು ಕೂಗಿದ್ದು ರಿಟೈರ್ಡ್ ಕಂಡಕ್ಟರ್ ಮಾವ. ಮೂವತ್ತು ವರ್ಷ ಬಸ್‌ಸ್ಟ್ಯಾಂಡಿನ ಗದ್ದಲದ ಮೇಲೆ ಊರುಗಳ ಹೆಸರು ಕೂಗಿದ ಗಂಟಲು ಅದು, ಮೈಕೇ ಬೇಡ. "ಮೂರ್ ಸಾವ್ರ ಒಂದ್ಸಲ, ಮೂರ್ ಸಾವ್ರ ಎರಡ್ಸಲ..." ಅಂತ ಅವರು ಎಳೆಯುತ್ತಿರುವಾಗ ನಡುವೆ ಕೈಯೆತ್ತಿ ನೂರು ರೂಪಾಯಿ ಸೇರಿಸಿದ ಪುಣ್ಯಾತ್ಮರು ನಮ್ಮನೆಯವರು. ಕಾಯಿ ಮನೆಗೆ ಬಂತು. ಒಡೆದು ನೋಡಿದರೆ ಕೊಳೆತಿತ್ತು. ಚಟ್ನಿಗೂ ಬರಲಿಲ್ಲ.

ಅವತ್ತು ನನ್ನ ಪಕ್ಕದಲ್ಲೇ ಕೂತಿದ್ದ ಗೆಳತಿ ಕಿವಿಯಲ್ಲಿ ಅಂದಳು: "ಕಾಯಿಗೇ ಮೂರು ಸಾವಿರ ಕೊಡೋ ಜನ, ನಿನ್ನ ತವರುಮನೆಯ ಒಂದು ಭಾನುವಾರಕ್ಕೆ ಎಷ್ಟು ಕೊಡಬಹುದು ಮಾರಾಯ್ತಿ?"

ಅವಳು ಹಾಗೆ ಕೇಳಿದ್ದಕ್ಕೆ ಕಾರಣವಿದೆ. ಶಿವಮೊಗ್ಗದಲ್ಲಿ ನಾಲ್ಕೈದು ಜನ ಸೇರಿ ನಡೆಸುವ ಒಂದು ಪುಟ್ಟ ಟ್ರಸ್ಟಿನಲ್ಲಿ ಅವಳಿದ್ದಾಳೆ. ಹದಿನೆಂಟು ತುಂಬಿ ಬಾಲಮಂದಿರಗಳಿಂದ, ಮಕ್ಕಳ ಮನೆಗಳಿಂದ ಹೊರಗೆ ಬರುವ ಹುಡುಗ ಹುಡುಗಿಯರ ಜೊತೆ ಒಂದೆರಡು ವರ್ಷ ನಿಲ್ಲುವುದು ಅವರ ಕೆಲಸ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕಲ್ಲ.

ನನಗೂ ಅಲ್ಲಿಯವರೆಗೆ ಈ ವಿಷಯ ಅಷ್ಟಾಗಿ ಗೊತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಅನಾಥ ಮಕ್ಕಳು ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಎಂಟು ಹತ್ತು ವರ್ಷದ ಮಕ್ಕಳು. ಅವರೂ ಬೆಳೆಯುತ್ತಾರೆ, ಮೀಸೆ ಬರುತ್ತದೆ, ಒಂದು ದಿನ ಹದಿನೆಂಟು ತುಂಬುತ್ತದೆ ಅನ್ನುವುದು ಹೊಳೆಯುವುದೇ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಹದಿನೆಂಟರವರೆಗೆ ಮಗು. ಊಟ, ಹಾಸಿಗೆ, ಶಾಲೆ ಎಲ್ಲ ಸಂಸ್ಥೆಯ ಜವಾಬ್ದಾರಿ. ಆಮೇಲೆ 21ರವರೆಗೆ 'ಅನುಪಾಲನೆ' ಅಂತ, ಅಂದರೆ ಹೊರಬಂದ ಮೇಲೂ ಆಸರೆಯಾಗಿ ನಿಲ್ಲುವ, ಒಂದು ಏರ್ಪಾಡಿದೆ. ಹೊರಹೋಗುವ ಮಗುವಿಗೆ ಹಣದ ನೆರವು ಕೊಡಬಹುದು ಅನ್ನುತ್ತದೆ 46ನೇ ಸೆಕ್ಷನ್. ಕೊಡಬಹುದು. ಬ್ಯಾಂಕಿನಲ್ಲಿ ಹತ್ತೊಂಬತ್ತು ವರ್ಷ ಸುತ್ತೋಲೆ ಓದಿದ ನನಗೆ ಈ 'ಬಹುದು' ಎಷ್ಟು ಜಾರುವ ಮೆಟ್ಟಿಲು ಅಂತ ಚೆನ್ನಾಗಿ ಗೊತ್ತು.

ದುಡ್ಡು ಬೇಕಾಗುವುದೇನೋ ನಿಜ. ರೂಮಿನ ಅಡ್ವಾನ್ಸು, ಹಾಸಿಗೆ, ಒಂದು ಕುಕ್ಕರು, ಬಸ್ ಪಾಸು, ಪರೀಕ್ಷೆ ಫೀಸು, ಇಂಟರ್‌ವ್ಯೂಗೆ ಹಾಕಿಕೊಂಡು ಹೋಗುವ ಶೂ. ಫೋಟೋ ಹಿಡಿದು ತೋರಿಸಲು ಒಂದೂ ಬಾರದ ಖರ್ಚುಗಳು. ಆದರೆ ಗೆಳತಿ ಹೇಳಿದ ಇನ್ನೊಂದು ಮಾತು ನನ್ನನ್ನು ಕೂರಲು ಬಿಡಲಿಲ್ಲ. ಶನಿವಾರ ಮಧ್ಯಾಹ್ನ ಹಾಸ್ಟೆಲ್ ಖಾಲಿಯಾಗುತ್ತದೆ. ಸೊರಬದವನು ಸೊರಬಕ್ಕೆ, ಹೊಸನಗರದವನು ಹೊಸನಗರಕ್ಕೆ. ದಸರಾ ರಜೆಗೆ ಅಡುಗೆಯವರೂ ಊರಿಗೆ. ಈ ಹುಡುಗರು ಎಲ್ಲಿಗೆ ಹೋಗಬೇಕು? "ವಾರದ ದಿನಗಳಲ್ಲಿ ಅವರು ಎಲ್ಲರ ಹಾಗೇ ಇರ್ತಾರೆ ಕಣೆ. ಅವರಿಗೆ ಮನೆಯಿಲ್ಲ ಅನ್ನೋದು ಗೊತ್ತಾಗೋದೇ ವೀಕೆಂಡಿನಲ್ಲಿ" ಅಂದಳು.

ನಮ್ಮ ವೀಕೆಂಡಿನ ಕಥೆ ಬೇರೆ. ಬೆಂಗಳೂರಿನವರೆಲ್ಲ ಕಾರು ಹತ್ತಿ ನಮ್ಮೂರ ಕಡೆ ಬರುವಾಗ ನಾವು ಶಿವಮೊಗ್ಗದವರು ಗೋವಾ, ವಯನಾಡು ಅಂತ ಓಡುತ್ತೇವೆ. ಆಚೆ ವರ್ಷ ಹಾಗೆ ಹೋಗಿದ್ದ ಒಂದು ರೆಸಾರ್ಟಿನಲ್ಲಿ ಮೆನು ತೆಗೆದರೆ 'ಮಲ್ನಾಡ್ ಸ್ಪೆಷಲ್ ಅಕ್ಕಿ ರೊಟ್ಟಿ' ಅಂತಿತ್ತು, 240 ರೂಪಾಯಿ. ತರಿಸಿದೆವು ಬೇರೆ! ಹಪ್ಪಳದ ಹಾಗಿತ್ತು. ತೀರ್ಥಹಳ್ಳಿ ಕಡೆಯಲ್ಲಿ ಹುಟ್ಟಿ ಬೆಳೆದವಳು ಆ ರೊಟ್ಟಿ ಮುರಿಯುತ್ತಾ ಅಲ್ಲಿ ಕೂತಿದ್ದೆನಲ್ಲ, ಅಮ್ಮ ನೋಡಿದ್ದರೆ ನಗುತ್ತಿದ್ದಳೋ ಬೈಯುತ್ತಿದ್ದಳೋ.

ಸಕ್ರೆಬೈಲು ಆನೆ ಬಿಡಾರ ನಮ್ಮ ಮನೆಯಿಂದ ಹದಿನೈದು ಕಿಲೋಮೀಟರೂ ಇಲ್ಲ. ನನ್ನ ಮಗನಿಗೆ ಹನ್ನೊಂದು ತುಂಬುವವರೆಗೆ ನಾವು ಅಲ್ಲಿ ಇಳಿದಿರಲಿಲ್ಲ. ತವರಿಗೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಬೋರ್ಡು ಕಾಣುತ್ತಿತ್ತು, ಅಷ್ಟೇ. ಕೊನೆಗೊಂದು ಬೆಳಿಗ್ಗೆ ಹೋದೆವು. ಗಾಜನೂರು ಡ್ಯಾಮಿನ ಹಿನ್ನೀರಿನಲ್ಲಿ ಆನೆ ಪಕ್ಕಕ್ಕೆ ಒರಗಿ ಮಲಗಿತ್ತು, ಮಾವುತ ಅದರ ಕಿವಿಯ ಹಿಂದೆ ತಿಕ್ಕುತ್ತಿದ್ದ, ಅದು ಕಣ್ಣು ಮುಚ್ಚಿಕೊಂಡು ಸೊಂಡಿಲ ತುದಿ ಮಾತ್ರ ನೀರಿನ ಮೇಲೆ ಇಟ್ಟುಕೊಂಡಿತ್ತು. ಆಮೇಲೆ ಕುಸುರೆ, ಅಂದರೆ ಹುಲ್ಲಿನಲ್ಲಿ ಭತ್ತ, ಬೆಲ್ಲ ಸುತ್ತಿ ಬಾಯಿಗಿಡುವುದು. ಮಗ ಎರಡು ತಾಸು ಮೊಬೈಲ್ ಕೇಳಲಿಲ್ಲ. ಹೋಗುವುದಾದರೆ ಬೆಳಿಗ್ಗೆಯೇ ಹೋಗಿ, ಹನ್ನೊಂದು ದಾಟಿದರೆ ಆನೆಗಳು ಕಾಡಿನ ದಾರಿ ಹಿಡಿದಿರುತ್ತವೆ. ಅದೇ ರಸ್ತೆಯಲ್ಲಿ ಮುಂದೆ ಮಂಡಗದ್ದೆ. ತುಂಗೆಯ ನಡುವಿನ ಅಂಗೈಯಷ್ಟು ನಡುಗಡ್ಡೆಯ ಮರಗಳ ತುಂಬ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ. ರಸ್ತೆ ಬದಿಯಲ್ಲೇ ನಿಂತು ನೋಡಬಹುದು.

ಗೆಳತಿಯ ತಮಾಷೆ ಹದಿನೈದೇ ದಿನದಲ್ಲಿ ನಿಜವಾಯಿತು. ಮೊದಲು ಲಕ್ಕಿ ಡ್ರಾ ಮಾಡೋಣ, ನೂರು ರೂಪಾಯಿಯ ಚೀಟಿ ಮಾರೋಣ ಅಂದುಕೊಂಡೆವು. ಲೆಕ್ಕಪತ್ರ ನೋಡುವ ಭಾವ ಕೇಳಿದ ತಕ್ಷಣ ಕೈಮುಗಿದರು: ಟಿಕೆಟ್ ಮಾರಿ ಚೀಟಿ ಎತ್ತಿದರೆ ಅದು ಲಾಟರಿ, ರಾಜ್ಯದಲ್ಲಿ 2007ರಿಂದ ಲಾಟರಿಯೇ ನಿಷೇಧ, ಪುಣ್ಯ ಕಟ್ಟಿಕೊಳ್ಳಲು ಹೋಗಿ ಸ್ಟೇಷನ್ ಮೆಟ್ಟಿಲು ಹತ್ತಬೇಡಿ ಅಂತ. ಸರಿ, ನಮಗೆ ಗೊತ್ತಿರುವುದನ್ನೇ ಮಾಡೋಣ ಅಂತ ಸವಾಲಿಗೆ ಬಂದೆವು. ನಮ್ಮನೆ ತಾರಸಿ, ಐವತ್ತು ಕುರ್ಚಿ, ಕಂಡಕ್ಟರ್ ಮಾವ, ಮಂಡಕ್ಕಿ, ಚಹಾ. ಫಲಾವಳಿಯ ಜಾಗದಲ್ಲಿ ಐದು ಭಾನುವಾರಗಳು. ನಮ್ಮ ನಮ್ಮ ನೆಂಟರ ಮನೆಗಳಲ್ಲಿ ಉಳಿದುಕೊಂಡು, ಅವರ ಜೊತೆ ಉಂಡು, ಅವರು ತೋರಿಸಿದ್ದನ್ನು ನೋಡಿ ಬರುವುದು.

ಮೊದಲನೆಯದು ಕವಲೇದುರ್ಗ, ನನ್ನ ತವರಿನ ಪಾಲು. ತೀರ್ಥಹಳ್ಳಿಯಿಂದ ಹದಿನೆಂಟು ಕಿಲೋಮೀಟರ್ ಚಿಲ್ಲರೆ. ಕೆಳದಿ ಅರಸರ ಕೋಟೆ, ಒಂದರೊಳಗೊಂದು ಮೂರು ಸುತ್ತು, ಗದ್ದೆ ಬದಿಯಿಂದ ಕಲ್ಲುಹಾಸಿನ ದಾರಿ. ಮಳೆ ನಿಂತ ಮೇಲೂ ಆ ಕಲ್ಲುಗಳ ಮೇಲೆ ಪಾಚಿ ಇರುತ್ತದೆ, ಹೈಹೀಲ್ಸ್ ಬೇಡ ಅಂದರೂ ಒಬ್ಬರು ಕೇಳಲಿಲ್ಲ, ವಾಪಸ್ ಬರಿಗಾಲಲ್ಲಿ ಇಳಿದರು. ಮೇಲೆ ಅರಮನೆಯ ಅವಶೇಷಗಳ ನಡುವೆ ಅಡುಗೆಮನೆಯ ಕಲ್ಲಿನ ಒಲೆಯಿದೆ. ಬಂದವರಲ್ಲಿ ಗಂಡಸರೆಲ್ಲ ಬುರುಜು ನೋಡುತ್ತಾ ನಿಂತರೆ ಹೆಂಗಸರು ಆ ಒಲೆಯ ಮುಂದೆ ಕೂತು ಎಷ್ಟು ಜನಕ್ಕೆ ಬೇಯಿಸುತ್ತಿದ್ದಿರಬಹುದು ಅಂತ ಲೆಕ್ಕ ಹಾಕಿದರಂತೆ.

ಎರಡನೆಯದು ಶರಾವತಿ ಹಿನ್ನೀರಿನಾಚೆ, ತುಮರಿ ಕಡೆಯ ಒಂದು ಮನೆ. 2025ರ ಜುಲೈಯಲ್ಲಿ ಸೇತುವೆ ಆಯಿತು, ಲಾಂಚಿಗೆ ಕಾಯುವ ಕಾಲ ಮುಗಿಯಿತು. ಲಾಂಚ್ ಸವಾರಿ ಹೋಯಿತಲ್ಲ ಅಂತ ಮರುಗುವ ಪ್ರವಾಸಿಗರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಹೆರಿಗೆ ನೋವಿನ ಹೆಂಗಸನ್ನು ಕರೆದುಕೊಂಡು ದಡದಲ್ಲಿ ಕಾಯುವವರಿಗೆ ಅದು ಸವಾರಿಯಾಗಿರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಡ್ಯಾಮು ತುಂಬಿದಾಗ ಮನೆ ಕಳೆದುಕೊಂಡ ಕುಟುಂಬ ಅದು. ಆ ಮನೆಯ ಅಜ್ಜಿ ಬೇಸಿಗೆಯಲ್ಲಿ ನೀರು ಇಳಿದಾಗ ಏಳುವ ಒಣ ಬೊಡ್ಡೆಗಳ ಕಡೆ ಕೈ ತೋರಿಸಿ "ಅದರ ಆಚೆ ನಮ್ಮ ಅಂಗಳ" ಅನ್ನುತ್ತಾರೆ. ಇದೇ ಶರಾವತಿಯ ಜೋಗಕ್ಕೆ ಹೋಗಿ 253 ಮೀಟರ್ ಎತ್ತರದಿಂದ ನೀರು ಬೀಳುವುದನ್ನು ನೋಡಿ ಚಪ್ಪಾಳೆ ತಟ್ಟಿ ಬರುವವರು ಒಂದು ಸಲ ಈ ಅಜ್ಜಿಯ ಹತ್ತಿರವೂ ಕೂರಬೇಕು.

ಹೆಗ್ಗೋಡಿನ ನಾಟಕದ ಸಂಜೆ, ಕುಪ್ಪಳಿಯ ಕವಿಶೈಲದ ಬೆಳಗು ಇವೆರಡಕ್ಕೂ ಒಳ್ಳೆಯ ಬೆಲೆ ಬಂತು. ಐದನೆಯದರ ಬಗ್ಗೆ ಮಾತ್ರ ನಾನು ಸೋತೆ ಅಂದುಕೊಂಡಿದ್ದೆ. ನನ್ನ ತವರಿನಲ್ಲೇ ಅಡಿಕೆ ಸುಲಿತದ ರಾತ್ರಿ! ಸುಲಿಯುವವರಿಗೆ ನಾವು ಕೆಜಿ ಲೆಕ್ಕದಲ್ಲಿ ಕೂಲಿ ಕೊಡುವುದು ರೂಢಿ. ಸುಲಿಯುವವರೇ ದುಡ್ಡು ಕೊಟ್ಟು ಬರುತ್ತಾರಾ? ಅಣ್ಣನಂತೂ "ನಿಂಗೆ ತಲೆ ಕೆಟ್ಟಿದೆ" ಅಂದಿದ್ದ. ಮಾವ ಕೂಗಿದ್ದೇ ಕೂಗಿದ್ದು, ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕುಟುಂಬ ಹದಿನೆಂಟು ಸಾವಿರಕ್ಕೆ ನಿಲ್ಲಿಸಿತು. ಅಣ್ಣ ಆಮೇಲೆ ನನ್ನ ಹತ್ತಿರ ಮೆಲ್ಲಗೆ ಕೇಳಿದ, "ತೋಟಕ್ಕೆ ಬೋರ್ಡೋ ಔಷಧಿ ಹೊಡೆಯೋಕೂ ಯಾರಾದ್ರೂ ಬರ್ತಾರಾ ನೋಡು."

ಒಟ್ಟು 61,500 ರೂಪಾಯಿ ಆಯಿತು. ದೊಡ್ಡ ಮೊತ್ತವೇನಲ್ಲ. ಆದರೆ ಅಷ್ಟರಲ್ಲಿ ನಾಲ್ಕು ಹುಡುಗರ ರೂಮಿನ ಅಡ್ವಾನ್ಸ್ ಮುಗಿಯಿತು. ಭಾವ ಇಲ್ಲೂ ಒಂದು ಮಾತು ಹೇಳಿದರು, ಉಪಯೋಗಕ್ಕೆ ಬರಬಹುದು: ಉಂಡು ತಿರುಗಾಡಿ ಬಂದಿದ್ದಕ್ಕೆ ಕೊಟ್ಟ ದುಡ್ಡನ್ನು ದಾನ ಅಂತ ತೆರಿಗೆ ರಿಯಾಯಿತಿಯ ರಸೀತಿಯಲ್ಲಿ ತೋರಿಸುವಂತಿಲ್ಲ. ರಸೀತಿ ಬೇಕಾದವರು ಬೇರೆಯಾಗಿ ದಾನ ಕೊಡಿ. ನಗದಾಗಿ ಎರಡು ಸಾವಿರ ದಾಟಿದರೆ ರಿಯಾಯಿತಿ ಸಿಗದು, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಅದು ಅನ್ವಯಿಸುವುದೇ ಇಲ್ಲ.

ಸಹಾಯ ಮಾಡೋದಾದ್ರೆ ಸುಮ್ಮನೆ ಕೊಡಿ, ಅದಕ್ಕೆ ಟೂರು, ಊಟ, ಸವಾಲು ಯಾಕೆ ಅಂತ ಒಬ್ಬರು ಹಿರಿಯರು ಕೇಳಿದರು. ಮಾತು ಸರಿಯಾಗಿಯೇ ಇದೆ. ಸುಮ್ಮನೆ ಕೊಡುವವರು ದಯವಿಟ್ಟು ಸುಮ್ಮನೆ ಕೊಡಿ. ಆದರೆ ಸುಮ್ಮನೆ ಕೊಡಿ ಅಂದರೆ ನೂರು ರೂಪಾಯಿ ತೆಗೆಯದ ನಮ್ಮನೆಯವರಂಥವರು ಪಕ್ಕದ ಬೀದಿಯವನು ಮೇಲೆ ಹೋಗಬಾರದು ಅಂತ ಕೊಳೆತ ಕಾಯಿಗೆ ಮೂರು ಸಾವಿರ ಕೊಡುತ್ತಾರೆ. ಇಂಥವರೂ ಊರಲ್ಲಿ ತುಂಬ ಜನ ಇದ್ದಾರೆ.

ನನಗೆ ಇರಿಸುಮುರಿಸಾಗುವುದು ಬೇರೆಯದಕ್ಕೆ. ಹುಟ್ಟುಹಬ್ಬಕ್ಕೆ ಬಾಲಮಂದಿರಕ್ಕೆ ಕೇಕ್ ತೆಗೆದುಕೊಂಡು ಹೋಗಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಜಾಲತಾಣದಲ್ಲಿ ಹಾಕುತ್ತೀರಲ್ಲ, ಅದಕ್ಕೆ. ಆ ಮಕ್ಕಳ ಗುರುತು ಬಯಲು ಮಾಡುವುದು ಅದೇ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಕಾನೂನು ಬದಿಗಿರಲಿ. ಹತ್ತು ವರ್ಷದಲ್ಲಿ ಬಂದ ನೂರು ಕೇಕುಗಳಲ್ಲಿ ಒಂದರ ಮೇಲೂ ತನ್ನ ಹೆಸರಿರಲಿಲ್ಲ ಅಂತ ಒಬ್ಬ ಹುಡುಗ ನಮ್ಮ ಗೆಳತಿಗೆ ನಗುತ್ತಾ ಹೇಳಿದ್ದನಂತೆ.

ಆ ಹುಡುಗನೇ ಅಡಿಕೆ ಸುಲಿತಕ್ಕೆ ಬಂದಿದ್ದು. ಪ್ರತಿ ಭಾನುವಾರದ ತಂಡದಲ್ಲೂ ಒಂದು ಜಾಗ ಸವಾಲಿಗಿಡದೆ ಉಳಿಸಿಕೊಳ್ಳೋಣ, ಟ್ರಸ್ಟಿನ ಹುಡುಗ ಹುಡುಗಿಯರಲ್ಲಿ ಮನಸ್ಸಿದ್ದವರು ಬರಲಿ ಅಂತ ಮೊದಲೇ ಮಾತಾಗಿತ್ತು. ಹದಿನೆಂಟು ದಾಟಿದವರು ಮಾತ್ರ. ಚಿಕ್ಕ ಮಕ್ಕಳನ್ನು ಮಕ್ಕಳ ಕಲ್ಯಾಣ ಸಮಿತಿಯನ್ನು ಕೇಳದೆ ಹಾಗೆಲ್ಲ ಕರೆದುಕೊಂಡು ಹೋಗುವಂತಿಲ್ಲ, ಹೋಗಲೂಬಾರದು. ಇವನಿಗೆ ಹತ್ತೊಂಬತ್ತು, ಐಟಿಐ ಫಿಟ್ಟರ್. ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದ.

ಅಮ್ಮನಿಗೆ ನಾನು ಫೋನಿನಲ್ಲಿ ಎಲ್ಲ ಹೇಳಿದ್ದೆ, ಏನೂ ಕೇಳಬೇಡ ಅಂತಲೂ ಹೇಳಿದ್ದೆ. ಅಮ್ಮ ಏನೂ ಕೇಳಲಿಲ್ಲ. ಬ್ಯಾಗು ಇಳಿಸುವ ಮೊದಲೇ "ತಮ್ಮಾ, ಹಂಡೆಗೆ ಬೆಂಕಿ ಸಾಲ್ತಿಲ್ಲ, ಎರಡು ಕುಂಟೆ ತುರುಕು" ಅಂದಳು. ಬೆಂಗಳೂರಿನವರಿಗೆ ಕಷಾಯ, ಇವನಿಗೆ ಕೆಲಸ. ನನಗೆ ಒಂದು ಕ್ಷಣ ಕಸಿವಿಸಿಯಾಯಿತು. ಆದರೆ ಹುಡುಗನ ಹೆಗಲು ಅಲ್ಲೇ ಸಡಿಲವಾಗಿದ್ದು ಕಂಡಿತು. ರಾತ್ರಿ ಹನ್ನೊಂದರವರೆಗೆ ಜಗಲಿಯಲ್ಲಿ ಸುಲಿತ. ಅಡಿಕೆ ಬೇಯಿಸುವ ಚೊಗರು ಕೊತಕೊತ ಕುದಿಯುವ ಸದ್ದು, ಹೊಗೆ, ಅಣ್ಣನ ದೆವ್ವದ ಕಥೆಗಳು. ಸಾಫ್ಟ್‌ವೇರಿನವರು ತಾಸಿಗೆ ಒಂದು ಸೇರೂ ಸುಲಿಯಲಿಲ್ಲ, ಅವರ ಮಗಳು ಎರಡು ಬೆರಳಿಗೆ ಬ್ಯಾಂಡೇಡ್ ಸುತ್ತಿಕೊಂಡೇ ಬಿಡದೆ ಕೂತಳು. ಇವನು ಮೆಟ್ಟುಗತ್ತಿಯನ್ನು ಕಾಲಡಿ ಒತ್ತಿಕೊಂಡು ಅರ್ಧ ತಾಸಿನಲ್ಲಿ ಕೈ ಕುದುರಿಸಿಕೊಂಡ. ಮಧ್ಯೆ ನಿಲ್ಲಿಸಿ ಕತ್ತಿಯನ್ನು ಅಲುಗಾಡಿಸಿ ನೋಡಿ "ಇದು ಮಣೆಯಲ್ಲಿ ಲೂಸಾಗಿದೆ ಅಜ್ಜಿ" ಅಂದ. "ನಿಮ್ಮಜ್ಜನ ಕಾಲದ್ದು, ಲೂಸಾಗದೆ ಏನು ಮಾಡೀತು" ಅಂದಳು ಅಮ್ಮ, ತಾನೇನು ಹೇಳಿದೆ ಅನ್ನುವ ಗಮನವೇ ಇಲ್ಲದೆ.

ಮೂರು ವಾರ ಬಿಟ್ಟು ಅವನೇ ಫೋನ್ ಮಾಡಿದ, ಶನಿವಾರ ಬರಲಾ ಅಂತ. ವರ್ಕ್‌ಶಾಪಿನಲ್ಲಿ ಕಬ್ಬಿಣದ ಪಟ್ಟಿ ಬಗ್ಗಿಸಿ, ತೂತು ಕೊರೆದು, ಒಂದು ಕ್ಲಾಂಪ್ ಮಾಡಿಕೊಂಡು ಬಂದಿದ್ದ. ಎರಡು ಬೋಲ್ಟು ಬಿಗಿದ. ಕತ್ತಿ ಈಗ ಕಮಕ್ ಕಿಮಕ್ ಅನ್ನುವುದಿಲ್ಲ.

ಈ ಸಲ ಗಣಪತಿ ನೀರಿಗೆ ಬಿಟ್ಟ ಮುಂದಿನ ಭಾನುವಾರ, ಅದೇ ತಾರಸಿ, ಅದೇ ಮಾವ. ಎಂಟು ಭಾನುವಾರಗಳಿವೆ. ಸಂಕ್ರಾಂತಿ ಆದಮೇಲೆ ಕಾಡಂಚಿನ ಮನೆಗಳನ್ನು ಬಿಟ್ಟಿದ್ದೇವೆ. ಅದು ಮಂಗನ ಕಾಯಿಲೆಯ ಕಾಲ, ಉಣುಗು ಹತ್ತಿಸಿಕೊಂಡು ಬೆಂಗಳೂರಿಗೆ ಹೋಗಿ ಯಾರೂ ಜ್ವರ ಮಲಗುವುದು ಬೇಡ. ನಿಮ್ಮ ನೆಂಟರ ಮನೆಯ ಒಂದು ಭಾನುವಾರ ಕೊಡುವವರಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಅಡಿಕೆ ಸುಲಿತಕ್ಕೆ ಈಗಲೇ ಮೂರು ಮನೆಯವರು ಕೇಳಿದ್ದಾರೆ, ಮೊದಲೇ ಹೇಳಿಬಿಡುತ್ತೇನೆ: ನಮ್ಮನೆಯಲ್ಲಿರುವುದು ಐದೇ ಮೆಟ್ಟುಗತ್ತಿ. ಅದರಲ್ಲಿ ಕ್ಲಾಂಪ್ ಇರುವುದು ಸವಾಲಿಗಿಲ್ಲ.